ಗಾರ್ಮಿಷ್‌ಗೆ ಹೋಗಿ, ಆದರೆ ಬೆಟ್ಟಕ್ಕೆ ಮೊದಲೇ ದಿನ ಗೊತ್ತುಮಾಡಬೇಡಿ

ಮ್ಯೂನಿಕ್‌ನಲ್ಲಿರುವ ನಮ್ಮವರ ಮನೆಗೆ ಊರಿಂದ ಅಪ್ಪ-ಅಮ್ಮ ಬಂದರೆ ಮೊದಲ ಪ್ರಶ್ನೆ, ಸ್ವಿಟ್ಜರ್ಲೆಂಡ್ ಯಾವಾಗ ಅಂತ. ಅದು ಆಮೇಲೆ ಇರಲಿ. ಹೆಚ್ಚಾಗಿ ಜೂನ್ ತಿಂಗಳಲ್ಲಿ, ಕೆಲವು ವರ್ಷ ಮೇ ಕೊನೆಗೆ, ಗುರುವಾರ ಬರುವ ಫ್ರೋನ್‌ಲೈಶ್ನಾಮ್ ಅನ್ನುವ ಕ್ರೈಸ್ತರ ಹಬ್ಬಕ್ಕೆ ಇಲ್ಲಿನ ಬವೇರಿಯಾ ರಾಜ್ಯದಲ್ಲಿ ಸರ್ಕಾರಿ ರಜೆ. ಶುಕ್ರವಾರ ಒಂದು ರಜೆ ಹಾಕಿದರೆ ಭಾನುವಾರದವರೆಗೆ ಬಿಡುವು. ಇಷ್ಟಕ್ಕೆ ಆಲ್ಪ್ಸ್ ಬೆಟ್ಟಗಳ ಬುಡದ ಗಾರ್ಮಿಷ್-ಪಾರ್ಟೆನ್‌ಕಿರ್ಷೆನ್ ಹೇಳಿ ಮಾಡಿಸಿದ ಊರು. ನಮ್ಮನೆಯವರು, ನಾನು, ತೀರ್ಥಹಳ್ಳಿಯಿಂದ ಬಂದಿದ್ದ ಅಪ್ಪ-ಅಮ್ಮ, ಎಲ್ಲ ಸೇರಿ ಹೋಗಿದ್ದೆವು. ಅಪ್ಪನಿಗೆ ಎಪ್ಪತ್ತು ದಾಟಿದೆ, ಅಮ್ಮನಿಗೆ ಮಂಡಿನೋವು, ಇಬ್ಬರೂ ಮೊಟ್ಟೆ ಸಹ ಮುಟ್ಟುವವರಲ್ಲ. ನಿಮ್ಮ ಜೊತೆ ಬರುವವರೂ ಹೀಗೇ ಇದ್ದರೆ ಮುಂದೆ ಓದಿ. ಬೆನ್ನಿಗೆ ಹಗ್ಗ ಕಟ್ಟಿಕೊಂಡು ಬಂಡೆ ಹತ್ತುವವರಿಗೆ ನನ್ನ ಹತ್ತಿರ ಏನೂ ಇಲ್ಲ.

ಹೆಸರು ಉದ್ದ ಇರುವುದಕ್ಕೆ ಕಾರಣ, ಇದು ಎರಡು ಊರು. 1936ರ ಚಳಿಗಾಲದ ಒಲಿಂಪಿಕ್ಸ್‌ಗೋಸ್ಕರ 1935ರಲ್ಲಿ ಎರಡನ್ನೂ ಒಂದು ಮಾಡಿದರು. ನಡುವೆ ರೈಲ್ವೆ ಸ್ಟೇಷನ್. ಒಂದು ಕಡೆ ಗಾರ್ಮಿಷ್, ಅಂಗಡಿ ಬೀದಿ, ಐಸ್‌ಕ್ರೀಮು, ಜನ. ಇನ್ನೊಂದು ಕಡೆ ಪಾರ್ಟೆನ್‌ಕಿರ್ಷೆನ್. ಅಲ್ಲಿನ ಲುಡ್ವಿಗ್‌ಸ್ಟ್ರಾಸೆ ಅನ್ನುವ ಹಳೇ ಬೀದಿಯಲ್ಲಿ ಮನೆಗಳ ಹೊರಗೋಡೆಯ ಮೇಲೆಲ್ಲ ಚಿತ್ರ. ಸಂತರು, ಬೇಟೆಗಾರರು, ಮದುವೆ ದಿಬ್ಬಣ. ಕಿಟಕಿಗೆ ಬರೀ ಬಣ್ಣದಲ್ಲೇ ಕೆತ್ತನೆಯ ಚೌಕಟ್ಟು. ಮುಟ್ಟಿ ನೋಡುವವರೆಗೆ ಅದು ಕೆತ್ತನೆಯಲ್ಲ ಅಂತ ಅಮ್ಮ ಒಪ್ಪಲಿಲ್ಲ. ಉಳಿದುಕೊಳ್ಳುವುದಕ್ಕೆ ನಾನು ಪಾರ್ಟೆನ್‌ಕಿರ್ಷೆನ್ ಕಡೆಯನ್ನೇ ಹೇಳುತ್ತೇನೆ. ರಾತ್ರಿ ಒಂಬತ್ತಾದರೆ ಸದ್ದಿಲ್ಲ.

ಹೋಗುವ ವಿಚಾರ. ಮ್ಯೂನಿಕ್ ಮುಖ್ಯ ನಿಲ್ದಾಣದಿಂದ ಪ್ರಾದೇಶಿಕ ರೈಲಿನಲ್ಲಿ ಒಂದೂಕಾಲು, ಒಂದೂವರೆ ಗಂಟೆ. ಈ ರೈಲು ಸಾಮಾನ್ಯವಾಗಿ ದೊಡ್ಡ ಹಾಲ್‌ನಿಂದ ಹೊರಡುವುದಿಲ್ಲ. ಪಕ್ಕಕ್ಕೆ ಚಾಚಿಕೊಂಡ ಸ್ಟಾರ್ನ್‌ಬರ್ಗರ್ ವಿಭಾಗದಿಂದ, 27ರಿಂದ ಶುರುವಾಗುವ ಪ್ಲಾಟ್‌ಫಾರ್ಮ್‌ಗಳಿಂದ ಹೊರಡುತ್ತದೆ. ಮಂಡಿನೋವಿನವರನ್ನು ಕರಕೊಂಡು ಆ ನಡಿಗೆಗೆ ಹದಿನೈದು ನಿಮಿಷ ಇಟ್ಟುಕೊಳ್ಳಿ. ಕೆಲವು ರೈಲು ದಾರಿಯಲ್ಲಿ ಎರಡಾಗಿ ಬೇರೆ ಬೇರೆ ಊರಿಗೆ ಹೋಗುತ್ತವೆ, ಹಾಗಾಗಿ ಡಬ್ಬಿಯ ಮೇಲಿನ ಬೋರ್ಡು ನೋಡದೆ ಕೂರಬೇಡಿ. ನಿಮಗೆ ಡಾಯ್ಚ್‌ಲ್ಯಾಂಡ್‌ಟಿಕೆಟ್ ಅನ್ನುವ ತಿಂಗಳ ಪಾಸು ಇದ್ದೇ ಇರುತ್ತದೆ. ನೋಡಲು ಬಂದ ತಂದೆತಾಯಿಗೆ ಅದನ್ನು ಮಾಡಿಸುವ ತಲೆನೋವು ಬೇಡ, ಬವೇರಿಯಾದೊಳಗೆ ಒಂದು ದಿನಕ್ಕೆ ನಡೆಯುವ ಬೈಯರ್ನ್-ಟಿಕೆಟ್ ಸಾಕು, ಒಂದೇ ಟಿಕೆಟಿನಲ್ಲಿ ಐದು ಜನದವರೆಗೆ ಸೇರಿಸಬಹುದು. ವಾರದ ದಿನಗಳಲ್ಲಿ ಅದು ಬೆಳಿಗ್ಗೆ ಒಂಬತ್ತರ ಮೇಲೆ ಮಾತ್ರ ನಡೆಯುತ್ತದೆ, ಆದರೆ ಫ್ರೋನ್‌ಲೈಶ್ನಾಮ್ ಇಡೀ ಬವೇರಿಯಾಕ್ಕೆ ರಜೆಯಾದ್ದರಿಂದ ಗುರುವಾರವೇ ಆದರೂ ಆ ದಿನ ಬೆಳಗಿನ ಮೊದಲ ರೈಲಿಗೂ ನಡೆಯುತ್ತದೆ. ಮೊದಲ ರೈಲೇ ಹಿಡಿಯಿರಿ. ಆ ವಾರ ಶಾಲೆಗಳಿಗೂ ರಜೆ. ಎಂಟು ಗಂಟೆ ದಾಟಿತೆಂದರೆ ಸೈಕಲ್ಲು, ನಾಯಿ, ಕೈಗಾಡಿ ಎಲ್ಲ ಸೇರಿ ಬಾಗಿಲಲ್ಲೇ ನಿಲ್ಲಬೇಕಾಗುತ್ತದೆ.

ಇನ್ನು ಈ ಪ್ರವಾಸದ ಮುಖ್ಯ ಮಾತು. ಎಲ್ಲರೂ ಬರುವುದು ತ್ಸುಗ್‌ಷ್ಪಿಟ್ಸೆ ಅನ್ನುವ ಶಿಖರಕ್ಕೆ. 2962 ಮೀಟರ್, ಜರ್ಮನಿಯಲ್ಲೇ ಎತ್ತರದ್ದು. ಹೋಗಿ ಬರುವ ಟಿಕೆಟ್ ಬೇಸಿಗೆಯಲ್ಲಿ ದೊಡ್ಡವರಿಗೆ ತಲಾ 70 ಯೂರೋ ದಾಟುತ್ತದೆ. ನಾಲ್ಕು ಜನಕ್ಕೆ ಲೆಕ್ಕ ಹಾಕಿ ಹೇಳಿದ್ದೇ ತಡ, ಅಪ್ಪ, "ಅಲ್ಲ ಮಾರಾಯ್ತಿ, ಇಷ್ಟು ದುಡ್ಡು ಕೊಟ್ಟು ಮೋಡ ನೋಡಕ್ಕೆ ಹೋಗ್ಬೇಕಾ? ಆಗುಂಬೆಲಿ ಪುಕ್ಕಟೆ ಸಿಗುತ್ತೆ" ಅಂದರು. ತಮಾಷೆಗೆ ಹೇಳಿದ್ದರೂ ಅದರಲ್ಲಿ ಸತ್ಯ ಇದೆ. ಮೇಲೆ ಮೋಡ ಕವಿದರೆ ಎದುರಿಗಿನ ಕಂಬಿಯೂ ಕಾಣುವುದಿಲ್ಲ, ದುಡ್ಡೂ ವಾಪಸ್ ಬರುವುದಿಲ್ಲ. ಕೆಳಗೆ ಊರಿನಲ್ಲಿ ಬಿಸಿಲಿದೆ ಅಂದ ಮಾತ್ರಕ್ಕೆ ಮೇಲೂ ಬಿಸಿಲು ಅಂತಲ್ಲ. ಅದಕ್ಕೆ ಹೇಳಿದ್ದು, ಬೆಟ್ಟಕ್ಕೆ ದಿನ ಗೊತ್ತುಮಾಡಬೇಡಿ. ಶಿಖರದಲ್ಲಿ ವೆಬ್‌ಕ್ಯಾಮ್‌ಗಳಿವೆ, ಯಾರು ಬೇಕಾದರೂ ಪುಕ್ಕಟೆ ನೋಡಬಹುದು. ದಿನಾ ಬೆಳಿಗ್ಗೆ ಕಾಫಿಗೆ ನೀರಿಟ್ಟಾಗ ಒಮ್ಮೆ ನೋಡಿ. ಸ್ವಚ್ಛ ಇದೆಯೋ, ಆ ದಿನ ಬೇರೆಲ್ಲ ಬಿಟ್ಟು ಹೊರಡಿ. ಇಲ್ಲವೋ, ನಾಳೆ ನೋಡೋಣ. ಇದಕ್ಕೋಸ್ಕರವೇ ಮ್ಯೂನಿಕ್‌ನಿಂದ ಬೆಳಿಗ್ಗೆ ಹೋಗಿ ಸಂಜೆ ಬರುವ ಬದಲು ಊರಲ್ಲೇ ಉಳಿಯಿರಿ ಅನ್ನುವುದು. ಜೂನ್‌ನಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಮಳೆ ಮಾಮೂಲು, ಆದ್ದರಿಂದ ಯಾವ ದಿನವಾದರೂ ಬೆಳಗಿನ ಹೊತ್ತೇ ಮೇಲು. ನಮಗೆ ಸ್ವಚ್ಛ ಸಿಕ್ಕಿದ್ದು ಶನಿವಾರ.

ಹತ್ತುವುದಕ್ಕೆ ಎರಡು ದಾರಿ, ಟಿಕೆಟ್ ಒಂದೇ. 1930ರಿಂದ ಓಡುತ್ತಿರುವ ಹಲ್ಲುಹಳಿಯ ರೈಲು ಒಂದು. ಗಾರ್ಮಿಷ್‌ನ ದೊಡ್ಡ ಸ್ಟೇಷನ್ ಪಕ್ಕದಲ್ಲೇ ಅದಕ್ಕೆ ಬೇರೆ ಸ್ಟೇಷನ್ ಇದೆ. ಗ್ರೈನಾವ್, ಐಬ್‌ಸೀ ದಾಟಿ ಬೆಟ್ಟದ ಹೊಟ್ಟೆಯೊಳಗಿನ ಸುರಂಗದಲ್ಲಿ ನುಗ್ಗಿ, ಸುಮಾರು 2600 ಮೀಟರ್ ಎತ್ತರದ ಪ್ಲಾಟ್ ಅನ್ನುವ ಬಯಲಿಗೆ ತಂದು ಬಿಡುತ್ತದೆ; ಅಲ್ಲಿಂದ ಚಿಕ್ಕ ಕೇಬಲ್ ಕಾರಿನಲ್ಲಿ ತುದಿಗೆ. ಇನ್ನೊಂದು, ಐಬ್‌ಸೀ ಕೆರೆಯ ದಡದಿಂದ ನೇರ ತುದಿಗೆ ಹೋಗುವ ದೊಡ್ಡ ಕೇಬಲ್ ಕಾರು, 2017ರ ಡಿಸೆಂಬರ್‌ನಲ್ಲಿ ಶುರುವಾದದ್ದು. ಇಡೀ ದಾರಿಗೆ 127 ಮೀಟರ್‌ನ ಒಂದೇ ಒಂದು ಉಕ್ಕಿನ ಕಂಬ. ಅಲ್ಲಿಂದ ಮೇಲೆ 3213 ಮೀಟರ್ ದೂರ ತಂತಿಗೆ ಯಾವ ಆಸರೆಯೂ ಇಲ್ಲ. ಹತ್ತೇ ನಿಮಿಷದಲ್ಲಿ 1945 ಮೀಟರ್ ಮೇಲೇರುತ್ತದೆ. ಅಂದರೆ ಸಮುದ್ರಮಟ್ಟದಿಂದ ನಮ್ಮ ಮುಳ್ಳಯ್ಯನಗಿರಿ ಎಷ್ಟು ಎತ್ತರವೋ ಅದಕ್ಕಿಂತ ಒಂದು ಕೈ ಹೆಚ್ಚೇ.

ವಯಸ್ಸಾದವರಿದ್ದರೆ ರೈಲಿನಲ್ಲಿ ಹತ್ತಿ, ಕೇಬಲ್ ಕಾರಿನಲ್ಲಿ ಇಳಿಯಿರಿ. ರೈಲು ನಿಧಾನ, ಒಂದು ಗಂಟೆಯ ಮೇಲೆ ಹಿಡಿಯುತ್ತದೆ, ಮೈಗೆ ಎತ್ತರ ಒಗ್ಗುವುದಕ್ಕೆ ಸಮಯ ಸಿಗುತ್ತದೆ. ಸುರಂಗದೊಳಗೆ ನೋಡುವುದಕ್ಕೆ ಏನೇನೂ ಇಲ್ಲ, ಬೇಜಾರು ಅಂತ ಹೇಳಿಯೇ ಬಿಡುತ್ತೇನೆ. ಪ್ಲಾಟ್‌ನಲ್ಲಿ ಇಳಿದ ಮೇಲೆ ಅಲ್ಲೇ ಅರ್ಧ ಗಂಟೆ ಕೂತಿರಿ. ಜೂನ್‌ನಲ್ಲೂ ಹಿಮ ಇತ್ತು; ಅಮ್ಮ ಸೀರೆ ಮೇಲೆ ನನ್ನ ಜಾಕೆಟ್ ಹಾಕಿಕೊಂಡು ಮುಷ್ಟಿ ತುಂಬ ಹಿಮ ತೆಗೆದು ಅಪ್ಪನ ಕೊರಳಪಟ್ಟಿಯೊಳಗೆ ಹಾಕಿದರು. ಜರ್ಮನಿಯ ಅತಿ ಎತ್ತರದ ಪುಟ್ಟ ಚರ್ಚ್ ಇರುವುದೂ ಇಲ್ಲೇ. ಪಕ್ಕದಲ್ಲಿ ಷ್ನೀಫೆರ್ನರ್ ಹಿಮನದಿಯ ಉಳಿಕೆ. ಅದರ ದಕ್ಷಿಣ ಭಾಗವನ್ನು 2022ರಲ್ಲಿ ವಿಜ್ಞಾನಿಗಳು ಹಿಮನದಿಗಳ ಪಟ್ಟಿಯಿಂದಲೇ ತೆಗೆದುಹಾಕಿದರು. ಈಗ ಇಡೀ ಜರ್ಮನಿಯಲ್ಲಿ ಉಳಿದಿರುವುದು ನಾಲ್ಕು. ಚಿತ್ರದಲ್ಲಿ ನೋಡಿದ ನೀಲಿ ಹಿಮಗಡ್ಡೆಯ ಆಸೆ ಇಟ್ಟುಕೊಂಡು ಬಂದರೆ ನಿರಾಸೆಯಾಗುತ್ತದೆ; ಬೂದು ಕಲ್ಲಿನ ನಡುವೆ ಕೊಳೆಯಾದ ಬಿಳಿ ಪಟ್ಟಿ, ಅಷ್ಟೇ.

ತುದಿ ಮಾತ್ರ ದುಡ್ಡಿಗೆ ಮೋಸವಿಲ್ಲ. ಒಂದೇ ಮೊಗಸಾಲೆಯಲ್ಲಿ ನಾಲ್ಕು ಹೆಜ್ಜೆ ಇಟ್ಟರೆ ಆಸ್ಟ್ರಿಯಾ, ಅಲ್ಲಿನವರದ್ದೇ ಬೇರೆ ಹೋಟೆಲು, ಬೇರೆ ಕೇಬಲ್ ಕಾರು. ಚಿನ್ನದ ಬಣ್ಣದ ಶಿಲುಬೆ ಇರುವ ನಿಜವಾದ ತುದಿಗೆ ಹೋಗಲು ಕಂಬಿ ದಾಟಿ, ಕಬ್ಬಿಣದ ಏಣಿ ಹತ್ತಿ, ತಂತಿ ಹಿಡಿದು ಬಂಡೆಯ ಮೇಲೆ ನಡೆಯಬೇಕು. ಚಪ್ಪಲಿ ಹಾಕಿಕೊಂಡು, ಒಂದು ಕೈಯಲ್ಲಿ ಫೋನು ಹಿಡಿದು ಹೋಗುವವರನ್ನು ನೋಡಿ ನನ್ನ ಅಂಗಾಲು ಬೆವರಿತು. ಶಿಲುಬೆ ಈ ಕಡೆಯಿಂದಲೇ ಚೆನ್ನಾಗಿ ಕಾಣುತ್ತದೆ. ಇಳಿಯುವಾಗ ಒಂದು ಜಾಣತನ: ಹನ್ನೆರಡರಿಂದ ಮೂರರವರೆಗೆ ಕೇಬಲ್ ಕಾರಿಗೆ ಉದ್ದನೆ ಸಾಲು. ಹನ್ನೊಂದೂವರೆಗೇ ಇಳಿದುಬಿಡಿ.

ಕೆಳಗಿಳಿದ ಕೂಡಲೇ ಐಬ್‌ಸೀ. ನೀರಿನ ಬಣ್ಣ ಹಸಿರೋ ನೀಲಿಯೋ ಎಂದು ಜಗಳವಾಡಬಹುದು. ಕೆರೆ ಸುತ್ತ ಏಳೂವರೆ ಕಿಲೋಮೀಟರ್ ದಾರಿ ಇದೆ. ಕೇಬಲ್ ಕಾರಿನ ಹತ್ತಿರದ ದಡ ಸಂತೆ. ಇಪ್ಪತ್ತು ನಿಮಿಷ ನಡೆದರೆ ಬೆಂಚುಗಳು ಖಾಲಿ. ಅಮ್ಮನನ್ನು ಒಂದು ಬೆಂಚಿನಲ್ಲಿ ಕೂರಿಸಿ, ಚಿತ್ರಾನ್ನದ ಡಬ್ಬಿ ಬಿಚ್ಚಿದೆವು. ಕಾರಿನಲ್ಲಿ ಬರುವವರೇ, ರಜೆಯ ದಿನ ಇಲ್ಲಿ ಪಾರ್ಕಿಂಗ್ ಬೆಳಿಗ್ಗೆಯೇ ತುಂಬಿಹೋಗುತ್ತದೆ. ಬಸ್ಸು, ರೈಲೇ ವಾಸಿ.

ಮೋಡದ ದಿನಕ್ಕೆ ಪಾರ್ಟ್ನಾಖ್‌ಕ್ಲಾಮ್ ಇದೆ. ಒಲಿಂಪಿಕ್ ಸ್ಕೀ ಕ್ರೀಡಾಂಗಣದಿಂದ ಅರ್ಧ ಗಂಟೆ ನಡೆದರೆ ಸಿಗುವ ಕೊರಕಲು, ಸುಮಾರು 700 ಮೀಟರ್ ಉದ್ದ. ಎರಡೂ ಕಡೆ ಗೋಡೆಯಂಥ ಬಂಡೆ, ನಡುವೆ ಹೊಳೆ ಬೋರ್ಗರೆಯುತ್ತದೆ. ಬಂಡೆ ಕೊರೆದು ಮಾಡಿದ ದಾರಿಯಲ್ಲಿ ತಲೆ ಬಗ್ಗಿಸಿ ಹೋಗಬೇಕು, ಮೇಲಿಂದ ನೀರು ತಟತಟ ಸುರಿಯುತ್ತಲೇ ಇರುತ್ತದೆ. ಛತ್ರಿ ತರಬೇಡಿ, ಬಿಚ್ಚುವುದಕ್ಕೆ ಜಾಗವಿಲ್ಲ. ಟೊಪ್ಪಿ ಇರುವ ಮಳೆ ಅಂಗಿ ಬೇಕು. ಮಲೆನಾಡಿನವರಿಗೆ ನೀರೇನು ಹೊಸದಲ್ಲ, ಆದರೂ ಅಪ್ಪ ಮಾತಿಲ್ಲದೆ ನಿಂತದ್ದು ಶಿಖರದಲ್ಲಲ್ಲ, ಇಲ್ಲಿ. ಹಿಂದೆ ಕಡಿದ ಮರದ ದಿಮ್ಮಿಗಳನ್ನು ಈ ಹೊಳೆಯಲ್ಲೇ ತೇಲಿಬಿಟ್ಟು ಕೆಳಗೆ ಸಾಗಿಸುತ್ತಿದ್ದರಂತೆ ಅಂತ ಹೇಳಿದಾಗ, ದಿಮ್ಮಿ ಸಿಕ್ಕಿಕೊಂಡರೆ ಬಿಡಿಸುವವರು ಯಾರು ಎಂದು ಕೇಳಿ, ಬಂಡೆಯ ಮೇಲಿನ ಗೀರುಗಳನ್ನು ಬಗ್ಗಿ ಬಗ್ಗಿ ನೋಡುತ್ತಿದ್ದರು. ಜೋರು ಮಳೆ ಬಂದರೆ, ಹಿಮ ಕರಗುವಾಗ, ದಾರಿ ಮುಚ್ಚುತ್ತಾರೆ. ಹೊರಡುವ ಮುಂಚೆ ಒಮ್ಮೆ ಅವರ ವೆಬ್‌ಸೈಟ್ ನೋಡಿ.

ಗುರುವಾರ ಬೆಳಿಗ್ಗೆ ಮಾತ್ರ ಎಲ್ಲಿಗೂ ಹೋಗದೆ ಊರಲ್ಲೇ ಇರಿ. ಹಬ್ಬದ ಮೆರವಣಿಗೆ ಹೊರಡುತ್ತದೆ. ಚರ್ಮದ ಚಡ್ಡಿ, ಹಕ್ಕಿಗರಿ ಸಿಕ್ಕಿಸಿದ ಟೊಪ್ಪಿ, ಹಿತ್ತಾಳೆ ವಾದ್ಯ, ಚಪ್ಪರದಂಥ ಕೊಡೆಯ ಕೆಳಗೆ ಪಾದ್ರಿ. "ಇದು ನಮ್ ದೇವ್ರ ಉತ್ಸವ ಹೊರಟಂಗೇ ಇದ್ಯಲ್ಲೇ" ಅಂತ ಅಮ್ಮ ಚಪ್ಪಲಿ ಬಿಟ್ಟು ಕೈಮುಗಿದು ನಿಂತರು. ಇದು ಪ್ರವಾಸಿಗರಿಗೆಂದು ಮಾಡುವ ಆಟವಲ್ಲ, ಪೂಜೆ. ಫೋಟೋ ತೆಗೆಯುವುದಕ್ಕೆ ಸಾಲಿನ ನಡುವೆ ನುಗ್ಗಬೇಡಿ.

ಊಟದ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ಗುರುವಾರ ಅಂಗಡಿಗಳೆಲ್ಲ ಬಂದ್, ಭಾನುವಾರವೂ ಬಂದ್. ಅಕ್ಕಿ, ಮೊಸರು, ತರಕಾರಿ ಬುಧವಾರವೇ ಮ್ಯೂನಿಕ್‌ನಲ್ಲಿ ತೆಗೆದುಕೊಂಡು ಹೊರಡಿ. ಅಡುಗೆಮನೆ ಇರುವ ಬಾಡಿಗೆ ಮನೆಯನ್ನೇ ಹಿಡಿಯಿರಿ, ಚಿಕ್ಕ ಕುಕ್ಕರ್ ಜೊತೆಗಿರಲಿ. ಹೋಟೆಲುಗಳಲ್ಲಿ ಸಸ್ಯಾಹಾರಿ ಅಂತ ಕಾಣುವುದೆಲ್ಲ ಸಸ್ಯಾಹಾರಿಯಲ್ಲ. ದೋಸೆಯನ್ನು ಶಾವಿಗೆಯ ಹಾಗೆ ಹೆಚ್ಚಿ ಹಾಕಿದ ಸೂಪ್ ಬರುತ್ತದೆ, ಅದರ ತಿಳಿ ದನದ ಮಾಂಸದ್ದು. ಆಲೂಗಡ್ಡೆ ಸಲಾಡ್‌ಗೂ ಬವೇರಿಯಾದಲ್ಲಿ ಮಾಂಸದ ತಿಳಿ ಹಾಕುವ ವಾಡಿಕೆ. ಪಾಲಕ್ ಉಂಡೆಯ ಮೇಲೆ ಹಂದಿ ಮಾಂಸದ ಚೂರು ಉದುರಿಸಿರಬಹುದು. ಕೇಸ್‌ಷ್ಪೆಟ್ಸ್ಲೆ ಅನ್ನುವ ಚೀಸ್ ಹಾಕಿದ ಶಾವಿಗೆಯಂಥದ್ದರಲ್ಲಿ ಮಾಂಸ ಇಲ್ಲ, ಆದರೆ ಹಿಟ್ಟಿಗೇ ಮೊಟ್ಟೆ. ಕೈಸರ್‌ಷ್ಮಾರ್ನ್ ಅನ್ನುವ, ದಪ್ಪ ಸಿಹಿ ದೋಸೆಯನ್ನು ಚೂರು ಮಾಡಿದ ತಿಂಡಿಯಲ್ಲೂ ಮೊಟ್ಟೆ, ಕೆಲವು ಕಡೆ ರಮ್ಮಿನಲ್ಲಿ ನೆನೆಸಿದ ದ್ರಾಕ್ಷಿ ಸಹ. ಮೊಟ್ಟೆ ತಿನ್ನುವವರಿಗೆ ಈ ಎರಡೂ ಅದ್ಭುತ. ಗುಡ್ಡ ಹತ್ತಿ ಇಳಿದ ಮೇಲೆ ಬಿಸಿ ಕೈಸರ್‌ಷ್ಮಾರ್ನ್, ಪಕ್ಕದಲ್ಲಿ ಸೇಬಿನ ಗೊಜ್ಜು, ನಾನು ಒಬ್ಬಳೇ ಒಂದು ತಟ್ಟೆ ಮುಗಿಸಿದೆ. ಅಪ್ಪ-ಅಮ್ಮನಿಗೆ ಹೊರಗೆ ಸಿಕ್ಕಿದ್ದು ಬ್ರೆತ್ಸೆ ಅನ್ನುವ ಗಂಟು ಹಾಕಿದ ಬ್ರೆಡ್ಡು, ಆಲೂಗಡ್ಡೆ ಫ್ರೈ, ಹಸಿ ಸೊಪ್ಪು. ಗುಡ್ಡದ ಮೇಲಿನ ಗುಡಿಸಲು ಹೋಟೆಲುಗಳಲ್ಲಿ ಎಷ್ಟೋ ಕಡೆ ಕಾರ್ಡ್ ನಡೆಯುವುದಿಲ್ಲ, ನಗದು ಇಟ್ಟುಕೊಳ್ಳಿ.

ನಾವಿದ್ದ ಬಾಡಿಗೆ ಮನೆ ಸ್ವಚ್ಛವಾಗಿತ್ತು, ಬಾಲ್ಕನಿಯಿಂದ ಅಲ್ಪ್‌ಷ್ಪಿಟ್ಸೆ ಶಿಖರ ನೇರ ಕಾಣುತ್ತಿತ್ತು. ಆದರೆ ಬುಕಿಂಗ್ ಪುಟದ ಮೊದಲ ಸಾಲಿನಲ್ಲಿ ಕಂಡ ಬಾಡಿಗೆಗೂ ಕೊನೆಗೆ ಕಟ್ಟಿದ್ದಕ್ಕೂ ಅಜಗಜಾಂತರ. ಕೊನೆಯ ದಿನದ ಸ್ವಚ್ಛತೆಗೆ ಹೆಚ್ಚುಕಮ್ಮಿ ಒಂದು ರಾತ್ರಿಯ ಬಾಡಿಗೆಯಷ್ಟೇ ಹಾಕಿದ್ದರು. ಅಷ್ಟು ಕೊಟ್ಟರೂ ಕಸ ನಾಲ್ಕಾಗಿ ವಿಂಗಡಿಸಿ, ಪಾತ್ರೆ ತೊಳೆದು, ಹತ್ತು ಗಂಟೆಗೆ ಬೀಗದ ಕೈ ಕೊಡಬೇಕು. ತಲೆಗಿಷ್ಟು ಅಂತ ಊರಿನ ತೆರಿಗೆ ಬೇರೆ. ಅದಕ್ಕೆ ನನ್ನ ತಕರಾರಿಲ್ಲ, ಬದಲಿಗೆ ಕೊಡುವ ಅತಿಥಿ ಕಾರ್ಡಿನಲ್ಲಿ ಊರೊಳಗಿನ ಬಸ್ಸು ಪುಕ್ಕಟೆ. ಮಂಡಿನೋವಿನವರಿಗೆ ಅದೇ ದೊಡ್ಡ ಉಪಕಾರ. ಮನೆಯವರು ತಾವಾಗಿ ಕೊಡದಿದ್ದರೆ ಕೇಳಿ ಇಸ್ಕೊಳ್ಳಿ.

ವಾಪಸ್ ಬರುವಾಗ ಭಾನುವಾರ ನಾಲ್ಕರಿಂದ ಏಳರ ರೈಲುಗಳನ್ನು ಬಿಟ್ಟುಬಿಡಿ. ಮಧ್ಯಾಹ್ನ ಒಂದರ ಹೊತ್ತಿಗೇ ಹೊರಟರೆ ಕೂರಲು ಸೀಟು ಸಿಗುತ್ತದೆ. ರಾತ್ರಿ ಊಟ ಅಲ್ಲೇ ಮುಗಿಸಿ ಎಂಟರ ಮೇಲೆ ಹೊರಟರೂ ಆದೀತು, ಆ ದಿನದ ಬೈಯರ್ನ್-ಟಿಕೆಟ್ ಮರುದಿನ ಬೆಳಗಿನ ಜಾವ ಮೂರರವರೆಗೆ ನಡೆಯುತ್ತದೆ.