ಶಿಕ್ಷಕರನ್ನು ಯುಎಇಗೆ ಕಳುಹಿಸುವ ಏಜೆನ್ಸಿ: ಒಪ್ಪಂದದ ನಡುವೆ ಕೆಲಸ ಬಿಟ್ಟು ಬಂದವಳ ಅಭಿಪ್ರಾಯ

ಯುಎಇಯ ಖಾಸಗಿ ಶಾಲೆಗಳಿಗೆ ಶಿಕ್ಷಕರನ್ನು ಒದಗಿಸುವ ಒಂದು ನೇಮಕಾತಿ ಏಜೆನ್ಸಿಯ ಮೂಲಕ ನಾನು ಶಾರ್ಜಾದ ಶಾಲೆಯೊಂದರಲ್ಲಿ ಗಣಿತ ಶಿಕ್ಷಕಿಯಾಗಿ ಕೆಲಸಕ್ಕೆ ಸೇರಿದೆ. ಎರಡು ವರ್ಷಗಳ ಒಪ್ಪಂದಕ್ಕೆ ಸಹಿ ಹಾಕಿದ್ದೆ. ಒಂಬತ್ತು ತಿಂಗಳಿಗೆ ಬಿಟ್ಟು ಬಂದೆ. ಈ ಏಜೆನ್ಸಿಯ ಬಗ್ಗೆ ನಾನು ಓದಿದ್ದ ಅಭಿಪ್ರಾಯಗಳೆಲ್ಲವೂ ಕೆಲಸ ಸಿಕ್ಕ ವಾರದಲ್ಲೋ, ವಿಮಾನ ಹತ್ತುವ ಮೊದಲೋ ಬರೆದವಾಗಿದ್ದವು. ಒಪ್ಪಂದದ ನಡುವೆ ಹೊರಬರಬೇಕಾದ ಶಿಕ್ಷಕರನ್ನು ಅದು ಹೇಗೆ ನಡೆಸಿಕೊಳ್ಳುತ್ತದೆ ಎಂಬುದನ್ನು ಯಾರೂ ಬರೆದಿರಲಿಲ್ಲ. ನನಗೆ ಆಗ ತುರ್ತಾಗಿ ಬೇಕಾಗಿದ್ದ ಮಾಹಿತಿ ಅದೇ ಆಗಿದ್ದರಿಂದ ಇದನ್ನು ವಿವರವಾಗಿ ಬರೆಯುತ್ತಿದ್ದೇನೆ. ಏಜೆನ್ಸಿಯ ಹೆಸರನ್ನಾಗಲಿ ಶಾಲೆಯ ಹೆಸರನ್ನಾಗಲಿ ಇಲ್ಲಿ ಹೇಳುವುದಿಲ್ಲ. ಇಂಥದೇ ಕಾಗದಗಳನ್ನು ಮುಂದಿಡುವ ಸಂಸ್ಥೆಗಳು ಬೇರೆಯೂ ಇವೆ.

ಮೊದಲು ಅವರು ಚೆನ್ನಾಗಿ ಮಾಡಿದ ಕೆಲಸವನ್ನು ಹೇಳಬೇಕು. ಪದವಿ ಮತ್ತು ಬಿ.ಇಡಿ. ಪ್ರಮಾಣಪತ್ರಗಳ ಅಟೆಸ್ಟೇಷನ್, ಅಂದರೆ ಅವು ಅಸಲಿ ಎಂಬ ಸರ್ಕಾರಿ ದೃಢೀಕರಣ, ಸಣ್ಣ ಕೆಲಸವಲ್ಲ. ಯುಎಇಗೆ ಹೋಗುವವರು ನಮ್ಮ ವಿದೇಶಾಂಗ ಸಚಿವಾಲಯದ ಮುದ್ರೆ, ಆಮೇಲೆ ಯುಎಇ ರಾಯಭಾರ ಕಚೇರಿಯ ಮುದ್ರೆ, ಕೊನೆಗೆ ಅಲ್ಲಿನ ವಿದೇಶಾಂಗ ಸಚಿವಾಲಯದ ಮುದ್ರೆ ಎಂದು ಹಲವು ಕಡೆ ಅಲೆಯಬೇಕಾಗುತ್ತದೆ. ಏಜೆನ್ಸಿಯವರು ಇದನ್ನೆಲ್ಲ ಒಂದೂ ತಪ್ಪಿಲ್ಲದೆ, ಹೇಳಿದ ದಿನಕ್ಕೆ ಮುಗಿಸಿಕೊಟ್ಟರು. ಸಂದರ್ಶನಕ್ಕೆ ಮುನ್ನ ಶಾಲೆಯ ಬಗ್ಗೆ ಕೊಟ್ಟ ಮಾಹಿತಿ ನಿಜವಾಗಿತ್ತು. ತಿಂಗಳಿಗೆ 4,500 ದಿರ್ಹಂ ಸಂಬಳ, ಹಂಚಿಕೊಳ್ಳುವ ವಸತಿ, ಒಂಬತ್ತು ಮತ್ತು ಹತ್ತನೆಯ ತರಗತಿಗಳು ಎಂದು ಅವರು ಹೇಳಿದ್ದಕ್ಕೂ ಅಲ್ಲಿ ಸಿಕ್ಕಿದ್ದಕ್ಕೂ ವ್ಯತ್ಯಾಸವಿರಲಿಲ್ಲ. ಏಪ್ರಿಲ್‌ನಲ್ಲಿ ಶೈಕ್ಷಣಿಕ ವರ್ಷ ಆರಂಭವಾಗುವ ಭಾರತೀಯ ಪಠ್ಯಕ್ರಮದ ಶಾಲೆ ಅದು. ವರ್ಷದ ಮೊದಲ ದಿನವೇ ನಾನು ತರಗತಿಯಲ್ಲಿದ್ದೆ.

ಸಹಿ ಹಾಕಿದ ದಿನ ನನ್ನ ಮುಂದೆ ಎರಡು ಕಾಗದಗಳಿದ್ದವು. ಆ ದಿನ ನಾನು ಅವುಗಳನ್ನು ಬೇರೆ ಬೇರೆಯಾಗಿ ನೋಡಲಿಲ್ಲ. ಒಂದು ಶಾಲೆಯ ಆಫರ್ ಲೆಟರ್. ಅಲ್ಲಿ ಕಾರ್ಮಿಕ ವ್ಯವಹಾರ ನೋಡಿಕೊಳ್ಳುವ ಮಾನವ ಸಂಪನ್ಮೂಲ ಮತ್ತು ಎಮಿರಾಟೀಕರಣ ಸಚಿವಾಲಯವು ಗೊತ್ತುಪಡಿಸಿದ ನಮೂನೆಯಲ್ಲಿ ಅದು ಇರುತ್ತದೆ ಮತ್ತು ಮುಂದೆ ನೋಂದಣಿಯಾಗುವ ಉದ್ಯೋಗ ಒಪ್ಪಂದ ಅದಕ್ಕೆ ಹೊಂದಿಕೆಯಾಗಿರಲೇಬೇಕು. ಈ ಕಾಗದದಲ್ಲಿ ಆರು ತಿಂಗಳ ಪ್ರೊಬೇಷನ್, 60 ದಿನಗಳ ನೋಟಿಸ್ ಅವಧಿ ಎಂದು ಸ್ಪಷ್ಟವಾಗಿತ್ತು. ಇನ್ನೊಂದು ಏಜೆನ್ಸಿಗೂ ನನಗೂ ನಡುವಿನ ಕರಾರು. ನಾಲ್ಕು ಪುಟಗಳ ಆ ಕರಾರಿನ ಒಂಬತ್ತನೆಯ ಷರತ್ತು ಹೀಗಿತ್ತು: ಅಭ್ಯರ್ಥಿಯು ಸೇರಿದ ಹನ್ನೆರಡು ತಿಂಗಳೊಳಗೆ ಯಾವುದೇ ಕಾರಣಕ್ಕೆ ಕೆಲಸ ಬಿಟ್ಟರೆ ಎರಡು ತಿಂಗಳ ಸಂಬಳಕ್ಕೆ ಸಮನಾದ ಮೊತ್ತವನ್ನು ಏಜೆನ್ಸಿಗೆ ಕೊಡತಕ್ಕದ್ದು. ನಾನು ಅದನ್ನು ಓದಿದ್ದೆ. ಬಿಡುವ ಯೋಚನೆಯೇ ಇಲ್ಲದವಳಿಗೆ ಅದು ಬೇರೆ ಯಾರಿಗೋ ಬರೆದ ಷರತ್ತಿನಂತೆ ಕಂಡಿತು. ಎದುರಿಗೆ ಕುಳಿತಿದ್ದವರು ಅದರ ಬಗ್ಗೆ ಒಂದು ಮಾತೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಅಕ್ಟೋಬರ್ ಕೊನೆಯ ವಾರದಲ್ಲಿ ತಂದೆಯವರಿಗೆ ಪಾರ್ಶ್ವವಾಯು ಹೊಡೆಯಿತು. ಅವರನ್ನು ನೋಡಿಕೊಳ್ಳಲು ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ನಾನು ಮೊದಲು ಕರೆ ಮಾಡಿದ್ದು ಏಜೆನ್ಸಿಗೆ, ಏಕೆಂದರೆ ಸೇರುವಾಗ ‘ಯಾವ ಸಮಸ್ಯೆ ಬಂದರೂ ಮೊದಲು ನಮಗೇ ತಿಳಿಸಿ’ ಎಂದು ಅವರು ಹೇಳಿದ್ದರು. ಅವರು ಕೊಟ್ಟ ಉತ್ತರ ಇದು: “ಮೇಡಂ, ನೀವು ಎರಡು ವರ್ಷಕ್ಕೆ ಸಹಿ ಹಾಕಿದ್ದೀರಿ. ಎರಡು ತಿಂಗಳ ನೋಟಿಸ್ ಮುಗಿಸಿ ಬಿಟ್ಟರೂ ಉಳಿದ ಹದಿನೈದು ತಿಂಗಳ ಸಂಬಳ ಕಟ್ಟಿಕೊಡಬೇಕಾಗುತ್ತದೆ. ಕೇಸ್ ಆಗುತ್ತದೆ, ಮತ್ತೆ ಯಾವ ಗಲ್ಫ್ ದೇಶಕ್ಕೂ ಹೋಗಲಾಗುವುದಿಲ್ಲ.” ಹದಿನೈದು ತಿಂಗಳ ಸಂಬಳವೆಂದರೆ 67,500 ದಿರ್ಹಂ. ಆ ರಾತ್ರಿ ನಾನು ನಿದ್ದೆ ಮಾಡಲಿಲ್ಲ. ಜೊತೆಯಲ್ಲಿದ್ದ ಸಹೋದ್ಯೋಗಿಯೊಬ್ಬರು, ಚಳಿಗಾಲದ ರಜೆಗೆಂದು ಹೊರಟು ಹಿಂತಿರುಗದಿದ್ದರಾಯಿತು, ಎಷ್ಟೋ ಜನ ಹಾಗೆ ಮಾಡಿದ್ದಾರೆ ಎಂದು ನಿಜವಾದ ಕಾಳಜಿಯಿಂದಲೇ ಸಲಹೆ ಕೊಟ್ಟರು. ಏಜೆನ್ಸಿಯ ಮಾತು ನಿಜವಾಗಿದ್ದರೆ ನನಗೆ ಉಳಿದ ದಾರಿ ಅದೊಂದೇ ಎನಿಸಿತ್ತು. ಏಜೆನ್ಸಿಯ ಮೇಲೆ ನನಗಿರುವ ದೊಡ್ಡ ಆಕ್ಷೇಪ ಇಲ್ಲಿಯೇ ಇದೆ: ಅವರು ಹೇಳಿದ ಸುಳ್ಳು ನನ್ನನ್ನು ನಿಜವಾಗಿಯೂ ಶಿಕ್ಷೆಗೆ ಗುರಿಮಾಡಬಲ್ಲ ತಪ್ಪಿನ ಕಡೆಗೆ ತಳ್ಳುತ್ತಿತ್ತು.

ಕಾನೂನಿನಲ್ಲಿ ಇರುವುದೇ ಬೇರೆ. ಯುಎಇಯ ಖಾಸಗಿ ವಲಯದ ಉದ್ಯೋಗಕ್ಕೆ ಅನ್ವಯಿಸುವುದು 2021ರ 33ನೆಯ ಸಂಖ್ಯೆಯ ಫೆಡರಲ್ ಕಾನೂನು. ಅದು 2022ರ ಫೆಬ್ರವರಿ 2ರಿಂದ ಜಾರಿಯಲ್ಲಿದೆ. ಅದರ 43ನೆಯ ವಿಧಿಯ ಪ್ರಕಾರ, ನ್ಯಾಯಸಮ್ಮತ ಕಾರಣವಿದ್ದಾಗ ಎರಡು ಪಕ್ಷಗಳಲ್ಲಿ ಯಾರು ಬೇಕಾದರೂ ಲಿಖಿತ ನೋಟಿಸ್ ಕೊಟ್ಟು ಒಪ್ಪಂದವನ್ನು ಕೊನೆಗೊಳಿಸಬಹುದು. ನೋಟಿಸ್ ಅವಧಿ 30 ದಿನಗಳಿಗಿಂತ ಕಡಿಮೆಯಿರಬಾರದು, 90 ದಿನಗಳನ್ನು ಮೀರಬಾರದು, ಮತ್ತು ಆ ಅವಧಿಯಲ್ಲಿ ಕೆಲಸ ಮಾಡಬೇಕು. ಮಾಡದೆ ಹೋದವರು ಆ ಅವಧಿಯ ಸಂಬಳಕ್ಕೆ ಸಮನಾದ ಪರಿಹಾರವನ್ನು ಮಾತ್ರ ಕೊಡಬೇಕಾಗುತ್ತದೆ. ಉಳಿದ ಅವಧಿಯ ಸಂಬಳವನ್ನೆಲ್ಲ ಕಟ್ಟಬೇಕೆಂಬ ಮಾತು ಎಲ್ಲಿಯೂ ಇಲ್ಲ. ಇದಕ್ಕೂ ಹಿಂದೆ ಇದ್ದ 1980ರ ಕಾನೂನಿನಲ್ಲೂ, ನಿಗದಿತ ಅವಧಿಯ ಒಪ್ಪಂದವನ್ನು ನೌಕರ ಮುರಿದರೆ ಕೊಡಬೇಕಾದ ಪರಿಹಾರ ಹೆಚ್ಚೆಂದರೆ ಮೂರು ತಿಂಗಳ ಅರ್ಧ ಸಂಬಳವಾಗಿತ್ತು. ಅಂದರೆ ಏಜೆನ್ಸಿಯವರು ನನಗೆ ಹೇಳಿದ ನಿಯಮ ಹಳೆಯ ಕಾನೂನಿನಲ್ಲೂ ಇರಲಿಲ್ಲ, ಹೊಸದರಲ್ಲೂ ಇಲ್ಲ.

ಪ್ರೊಬೇಷನ್ ಅವಧಿಯಲ್ಲೇ ಬಿಡುವವರಿಗೆ ನಿಯಮ ಬೇರೆ. 9ನೆಯ ವಿಧಿಯಂತೆ, ದೇಶ ಬಿಟ್ಟು ಹೋಗುವುದಾದರೆ 14 ದಿನಗಳ ಮುನ್ನ ಲಿಖಿತವಾಗಿ ತಿಳಿಸಬೇಕು. ಅಲ್ಲಿಯೇ ಇನ್ನೊಂದು ಸಂಸ್ಥೆಗೆ ಸೇರುವುದಾದರೆ ಒಂದು ತಿಂಗಳ ಮುನ್ನ ತಿಳಿಸಬೇಕು, ಮತ್ತು ಮೊದಲ ಸಂಸ್ಥೆ ನೇಮಕಾತಿಗೆ ಮಾಡಿದ ಖರ್ಚನ್ನು ಹೊಸ ಸಂಸ್ಥೆ ತುಂಬಿಕೊಡಬೇಕು. ಈ ಕ್ರಮವನ್ನು ಪಾಲಿಸದೆ ದೇಶ ಬಿಟ್ಟವರಿಗೆ ಒಂದು ವರ್ಷ ಹೊಸ ಕೆಲಸದ ಪರವಾನಗಿ ಸಿಗುವುದಿಲ್ಲ. ಹೇಳದೆ ಕೇಳದೆ ಸತತ ಏಳು ದಿನಗಳಿಗಿಂತ ಹೆಚ್ಚು ಗೈರಾದರೆ, ಕೆಲಸ ಬಿಟ್ಟು ಪರಾರಿಯಾಗಿದ್ದಾರೆಂದು ಮಾಲೀಕರು ಸಚಿವಾಲಯಕ್ಕೆ ದೂರು ಕೊಡಬಹುದು. ನನಗೆ ಬಂದಿದ್ದ ಸಲಹೆಯನ್ನು ಪಾಲಿಸಿ ರಜೆಯ ಹೆಸರಿನಲ್ಲಿ ಹೋಗಿಬಿಟ್ಟಿದ್ದರೆ ಏನಾಗುತ್ತಿತ್ತು ಎಂಬುದನ್ನು ಸಚಿವಾಲಯದ ಸಲಹಾ ದೂರವಾಣಿಯಲ್ಲಿ ಮಾತನಾಡಿದ ಮೇಲೆ ಅರಿತೆ. ಆ ಕರೆ ಇಪ್ಪತ್ತು ನಿಮಿಷ ಹಿಡಿಯಿತು, ಖರ್ಚೇನೂ ಆಗಲಿಲ್ಲ. ಏಜೆನ್ಸಿಯವರು ಮಾಡಬೇಕಾಗಿದ್ದ ಕೆಲಸ ಅದು.

ನವೆಂಬರ್ ಮೊದಲ ವಾರದಲ್ಲಿ ಪ್ರಾಂಶುಪಾಲರಿಗೆ ರಾಜೀನಾಮೆ ಕೊಟ್ಟೆ. ಅವರು ಬೇಸರಪಟ್ಟರು, ಆದರೆ ಬೆದರಿಸಲಿಲ್ಲ. “ಹತ್ತನೆಯವರ ಪೋರ್ಷನ್ ಎಲ್ಲಿಯವರೆಗೆ ಬಂದಿದೆ?” ಎಂಬುದು ಅವರ ಮೊದಲ ಪ್ರಶ್ನೆಯಾಗಿತ್ತು. ಮೇಲ್ಮೈ ವಿಸ್ತೀರ್ಣ ಮತ್ತು ಘನಫಲ, ಸಂಖ್ಯಾಶಾಸ್ತ್ರ, ಸಂಭವನೀಯತೆ ಎಂಬ ಮೂರು ಅಧ್ಯಾಯಗಳು ಉಳಿದಿದ್ದವು. ಫೆಬ್ರವರಿಯಲ್ಲಿ ಮಕ್ಕಳಿಗೆ ಬೋರ್ಡ್ ಪರೀಕ್ಷೆ. 60 ದಿನಗಳ ನೋಟಿಸ್ ಎಂದರೆ ಸಾಕಷ್ಟು ಸಮಯವೆಂದು ಹೊರಗಿನವರಿಗೆ ಅನಿಸಬಹುದು. ಶಾರ್ಜಾದಲ್ಲಿ 2022ರಿಂದ ವಾರಕ್ಕೆ ನಾಲ್ಕೇ ದಿನ ಶಾಲೆ, ಡಿಸೆಂಬರ್ 2ರ ರಾಷ್ಟ್ರೀಯ ದಿನಾಚರಣೆಗೆ ರಜೆ, ತಿಂಗಳ ನಡುವಿನಿಂದ ಚಳಿಗಾಲದ ರಜೆ. ಎಲ್ಲ ಕಳೆದರೆ ನನಗೆ ಉಳಿದದ್ದು ಇಪ್ಪತ್ತರ ಆಸುಪಾಸಿನ ಪಾಠದ ದಿನಗಳು. ಬೆಳಿಗ್ಗೆ ಶಾಲೆ ಆರಂಭವಾಗುವ ಮೊದಲು ಅರ್ಧ ಗಂಟೆ ಹೆಚ್ಚಿನ ತರಗತಿ ತೆಗೆದುಕೊಂಡು ಎರಡು ಅಧ್ಯಾಯಗಳನ್ನು ಮುಗಿಸಿದೆ. ಸಂಭವನೀಯತೆಯ ಪಾಠವನ್ನು ಬರೆದಿಟ್ಟು, ಯಾವ ವಿದ್ಯಾರ್ಥಿಗೆ ಎಲ್ಲಿ ಎಡವಟ್ಟಾಗುತ್ತದೆ ಎಂಬ ಟಿಪ್ಪಣಿಯೊಂದಿಗೆ ಮುಂದಿನ ಶಿಕ್ಷಕರಿಗೆ ಒಪ್ಪಿಸಿದೆ. ಪರೀಕ್ಷೆಗೆ ಎರಡು ತಿಂಗಳಿರುವಾಗ ಆ ಮಕ್ಕಳನ್ನು ಬಿಟ್ಟು ಬಂದದ್ದು ನನಗೆ ಇವತ್ತಿಗೂ ನೋವಿನ ವಿಷಯವೇ. ಕಾನೂನು ನನ್ನ ಪರವಾಗಿತ್ತು ಎಂಬುದರಿಂದ ಆ ನೋವು ಕಡಿಮೆಯಾಗುವುದಿಲ್ಲ, ಆದರೆ ನೋಟಿಸ್ ಅವಧಿಯನ್ನು ಪೂರೈಸಿದ್ದರಿಂದ ಅಷ್ಟನ್ನಾದರೂ ಮಾಡಲು ಸಾಧ್ಯವಾಯಿತು. ರಾತ್ರೋರಾತ್ರಿ ಹೋಗಿದ್ದರೆ ಅದೂ ಇರುತ್ತಿರಲಿಲ್ಲ.

ಶಾಲೆಯೊಂದಿಗಿನ ಲೆಕ್ಕ ಸರಾಗವಾಗಿ ಮುಗಿಯಿತು. ಒಪ್ಪಂದ ಮುಗಿದ 14 ದಿನಗಳೊಳಗೆ ಎಲ್ಲ ಬಾಕಿಯನ್ನು ಕೊಡಬೇಕೆಂದು 53ನೆಯ ವಿಧಿ ಹೇಳುತ್ತದೆ. ನನಗೆ ಹತ್ತನೆಯ ದಿನಕ್ಕೆ ಬಂತು. ಒಂದು ವರ್ಷ ಪೂರೈಸದ ಕಾರಣ ಗ್ರಾಚ್ಯುಟಿ ಇರಲಿಲ್ಲ, ನಾನಾಗಿಯೇ ಬಿಟ್ಟದ್ದರಿಂದ ವಿಮಾನದ ಟಿಕೆಟ್ ನನ್ನದೇ ಖರ್ಚು. ಅನುಭವ ಪ್ರಮಾಣಪತ್ರವನ್ನು ಕೇಳಿದವರಿಗೆ ಶುಲ್ಕವಿಲ್ಲದೆ ಕೊಡಬೇಕೆಂಬ ನಿಯಮವೂ ಅದೇ ಕಾನೂನಿನಲ್ಲಿದೆ, ಅದರಂತೆ ಕೊಟ್ಟರು. ಮುಂದೆ ಎಲ್ಲಿ ಪಾಠ ಮಾಡಬೇಕಾದರೂ ಮೊದಲು ಕೇಳುವ ಕಾಗದ ಅದು. ಬಿಡುವ ಗಡಿಬಿಡಿಯಲ್ಲಿ ಅದನ್ನು ಕೇಳಲು ಮರೆಯಬಾರದು.

ಏಜೆನ್ಸಿಯೊಂದಿಗಿನ ಲೆಕ್ಕ ಮಾತ್ರ ಅಷ್ಟು ಸುಲಭವಾಗಿ ಮುಗಿಯಲಿಲ್ಲ. ಹದಿನೈದು ತಿಂಗಳ ಸಂಬಳದ ಮಾತನ್ನು ಅವರು ಮತ್ತೆ ಎತ್ತಲಿಲ್ಲ; ಒಂಬತ್ತನೆಯ ಷರತ್ತಿನಂತೆ 9,000 ದಿರ್ಹಂ ಕೇಳಿದರು. ಪದವಿ ಮತ್ತು ಬಿ.ಇಡಿ.ಯ ಮೂಲ ಪ್ರಮಾಣಪತ್ರಗಳು ಅಟೆಸ್ಟೇಷನ್ ಆದಾಗಿನಿಂದ ಅವರ ಕಚೇರಿಯಲ್ಲೇ ಉಳಿದಿದ್ದವು. ಭದ್ರವಾಗಿ ಇಟ್ಟುಕೊಂಡಿರುತ್ತೇವೆ, ಶಾಲೆಗೆ ಪ್ರತಿಗಳು ಸಾಕು ಎಂದು ಅವರು ಹೇಳಿದಾಗ ನಾನು ಅದನ್ನು ಸೌಕರ್ಯವೆಂದೇ ತಿಳಿದಿದ್ದೆ. ಹಣ ಕೊಟ್ಟ ಮೇಲೆ ಪ್ರಮಾಣಪತ್ರ ಎಂದಾಗ ಅದು ಯಾವ ಸೌಕರ್ಯವೆಂದು ತಿಳಿಯಿತು. ನೇಮಕಾತಿಯ ಶುಲ್ಕ ಮತ್ತು ಖರ್ಚನ್ನು ನೌಕರರಿಂದ ನೇರವಾಗಿಯಾಗಲಿ ಪರೋಕ್ಷವಾಗಿಯಾಗಲಿ ವಸೂಲು ಮಾಡಬಾರದೆಂದು ಯುಎಇ ಕಾನೂನಿನ 6ನೆಯ ವಿಧಿ ಮಾಲೀಕರಿಗೆ ಹೇಳುತ್ತದೆ. ನನ್ನ ನೇಮಕಾತಿಗೆ ಶಾಲೆ ಏಜೆನ್ಸಿಗೆ ಪೂರ್ತಿ ಶುಲ್ಕ ಕೊಟ್ಟಿತ್ತೆಂದು ಪ್ರಾಂಶುಪಾಲರು ಲಿಖಿತವಾಗಿ ತಿಳಿಸಿದರು. ಈ ಎರಡನ್ನೂ ಲಗತ್ತಿಸಿ, ನನ್ನಿಂದ ಕೇಳುತ್ತಿರುವ ಮೊತ್ತ ಯಾವ ಸೇವೆಗೆ, ಯಾವ ನಷ್ಟಕ್ಕೆ ಎಂದು ಲಿಖಿತವಾಗಿ ತಿಳಿಸಿ ಎಂದು ಪತ್ರ ಬರೆದೆ. ಉತ್ತರ ಬರಲಿಲ್ಲ. ಎರಡನೆಯ ಪತ್ರಕ್ಕೂ ಬರಲಿಲ್ಲ. ವಕೀಲರ ಮೂಲಕ ಮೂರನೆಯದು ಹೋದ ನಂತರ, ಆರು ವಾರ ಕಳೆದ ಮೇಲೆ, ಪ್ರಮಾಣಪತ್ರಗಳು ಕೊರಿಯರ್‌ನಲ್ಲಿ ಬಂದವು. ಜೊತೆಯಲ್ಲಿ ಒಂದು ಸಾಲಿನ ಪತ್ರವೂ ಇರಲಿಲ್ಲ. 9,000 ದಿರ್ಹಂ ವಿಷಯವನ್ನು ಅವರು ಆಮೇಲೆ ಕೇಳಿಲ್ಲ.

ಆರು ವಾರ ಮೂಲ ಪ್ರಮಾಣಪತ್ರಗಳಿಲ್ಲದೆ ನಾನು ಇಲ್ಲಿ ಯಾವ ಶಾಲೆಗೂ ಅರ್ಜಿ ಹಾಕಲಾಗಲಿಲ್ಲ. ತಂದೆಯವರ ಚಿಕಿತ್ಸೆಗೆ ದುಡ್ಡು ಬೇಕಾಗಿದ್ದ ಆ ದಿನಗಳಲ್ಲಿ ಅದರಿಂದಾದ ತೊಂದರೆಯನ್ನು ಇದನ್ನು ಓದುವ ಏಜೆನ್ಸಿಯವರು ಯಾರಾದರೂ ಇದ್ದರೆ ದಯವಿಟ್ಟು ಯೋಚಿಸಬೇಕು. ಶಿಕ್ಷಕರು ನಡುವೆ ಬಿಟ್ಟರೆ ಏಜೆನ್ಸಿಗೂ ನಷ್ಟವಿದೆ, ಶಾಲೆಯ ಮುಂದೆ ಅವರ ಹೆಸರು ಕೆಡುತ್ತದೆ, ಬದಲಿ ಶಿಕ್ಷಕರನ್ನು ಹುಡುಕಿಕೊಡುವ ಹೊಣೆ ಬೀಳುತ್ತದೆ. ಇದನ್ನು ನಾನು ಅಲ್ಲಗಳೆಯುವುದಿಲ್ಲ. ಆ ನಷ್ಟವನ್ನು ಸಹಿಯ ದಿನವೇ ಬಾಯಿ ಬಿಟ್ಟು ಹೇಳಿ, ಎಷ್ಟು, ಏಕೆ ಎಂದು ವಿವರಿಸಿದ್ದರೆ ನಾನು ಒಪ್ಪಿದರೂ ಒಪ್ಪುತ್ತಿದ್ದೆ. ಇದೇ ಏಜೆನ್ಸಿ ಪೂರ್ವ ಏಷ್ಯಾಕ್ಕೂ ಶಿಕ್ಷಕರನ್ನು ಕಳುಹಿಸುತ್ತದೆ. ಜಪಾನ್ ಮತ್ತು ದಕ್ಷಿಣ ಕೊರಿಯಾಗಳಲ್ಲಂತೂ, ಒಪ್ಪಂದ ಮುರಿದರೆ ಇಂತಿಷ್ಟು ದಂಡವೆಂದು ಉದ್ಯೋಗದಾತರು ಮೊದಲೇ ಬರೆಯಿಸಿಕೊಳ್ಳುವುದನ್ನೇ ಅಲ್ಲಿನ ಕಾರ್ಮಿಕ ಕಾನೂನುಗಳು ನಿಷೇಧಿಸಿವೆ. ಅಲ್ಲಿಗೆ ಹೋಗುವವರಿಗೂ ಒಂಬತ್ತನೆಯ ಷರತ್ತಿರುವ ಇದೇ ನಾಲ್ಕು ಪುಟಗಳನ್ನು ಕೊಡುತ್ತಾರೆಂದು ನನ್ನ ಜೊತೆ ಸಹಿ ಹಾಕಿದ ಒಬ್ಬರಿಂದ ತಿಳಿಯಿತು.

ಐದರಲ್ಲಿ ಎರಡು ಅಂಕ ಕೊಡುತ್ತಿದ್ದೇನೆ. ಆ ಎರಡೂ ಅಟೆಸ್ಟೇಷನ್‌ಗೆ ಮತ್ತು ಶಾಲೆಯ ಬಗ್ಗೆ ಕೊಟ್ಟ ನಿಜವಾದ ಮಾಹಿತಿಗೆ. ಈ ಬಗೆಯ ಏಜೆನ್ಸಿಯ ಮೂಲಕ ಹೋಗಲೇಬೇಕಾದವರು ಅಟೆಸ್ಟೇಷನ್ ಮುಗಿದ ದಿನವೇ ಮೂಲ ಪ್ರಮಾಣಪತ್ರಗಳನ್ನು ಕೈಗೆ ತೆಗೆದುಕೊಂಡು, ಅವುಗಳನ್ನು ಪಡೆದ ಬಗ್ಗೆ ಎರಡೂ ಕಡೆಯ ಸಹಿಯಿರುವ ರಸೀದಿ ಮಾಡಿಸಿಕೊಳ್ಳಿ. ಏಜೆನ್ಸಿಯೊಂದಿಗಿನ ಕರಾರಿನಲ್ಲಿ ಕೆಲಸ ಬಿಡುವುದಕ್ಕೆ ಸಂಬಂಧಿಸಿದ ಷರತ್ತು ಯಾವ ಸಂಖ್ಯೆಯಲ್ಲಿದೆ ಎಂದು ಹುಡುಕಿ, ಅದನ್ನು ಹೊಡೆದುಹಾಕಿದ ಮೇಲೆಯೇ ಸಹಿ ಹಾಕುತ್ತೇನೆ ಎಂದು ಹೇಳಿ ನೋಡಿ. ನನ್ನ ನಂತರ ಇದೇ ಏಜೆನ್ಸಿಗೆ ಹೋದ ಪರಿಚಿತ ಶಿಕ್ಷಕಿಯೊಬ್ಬರು ಹಾಗೆ ಕೇಳಿದರು. ಏಜೆನ್ಸಿಯವರು ಹೊಡೆದುಹಾಕಿ ಕೊಟ್ಟರು.