ನಕಲಿ ಗುಳಗಿ ಹಿಡಿಯೋಕೆ ಫೋನ್ ಸಾಕಾ, ಯಂತ್ರ ಬೇಕಾ?

ಕಲಬುರಗಿಯ ಒಂದು ಖಾಸಗಿ ಆಸ್ಪತ್ರೆಯ ಫಾರ್ಮಸಿಯಲ್ಲಿ ಕೆಲಸ ನನ್ನದು. ಎರಡು ಥರದ ಸ್ಕ್ಯಾನಿಂಗ್ ಮಾಡಿ ನೋಡಿದ್ದೇನೆ: ಸ್ಟ್ರಿಪ್ ಮೇಲಿನ ಕ್ಯೂಆರ್ ಕೋಡನ್ನು ಫೋನಿನಲ್ಲಿ ಓದುವುದು, ಮತ್ತೆ ಫಾರ್ಮಸಿ ಕಾಲೇಜಿನ ಗೆಳೆಯ ತಂದುಕೊಟ್ಟ ಕೈಯಲ್ಲಿ ಹಿಡಿಯೋ ರಾಮನ್ ಯಂತ್ರ. ಹೌದು, ನಮ್ಮ ಸಿ.ವಿ. ರಾಮನ್ 1928ರಲ್ಲಿ ಕಂಡುಹಿಡಿದ ಅದೇ ಪರಿಣಾಮ.

ಮೊದಲು ಕ್ಯೂಆರ್. 2023ರ ಆಗಸ್ಟ್ 1ರಿಂದ ಹೆಚ್ಚು ಮಾರಾಟವಾಗುವ 300 ಬ್ರ್ಯಾಂಡ್‌ಗಳ ಮೇಲೆ ಇದು ಕಡ್ಡಾಯ. ಔಷಧಿಯ ಹೆಸರು, ತಯಾರಕರು, ಬ್ಯಾಚ್, ಎಕ್ಸ್‌ಪೈರಿ, ಲೈಸೆನ್ಸ್ ನಂಬರ್ ಎಲ್ಲ ಅದರಲ್ಲಿರಬೇಕು. ಖರ್ಚಿಲ್ಲ, ಯಾರು ಬೇಕಾದರೂ ಮಾಡಬಹುದು. ಆದರೆ ಕೆಲವು ಕೋಡ್‌ಗಳು ಕಂಪನಿಯ ವೆಬ್‌ಸೈಟಿಗೆ ಕರೆದೊಯ್ಯುತ್ತವೆ, ನಮ್ಮ ಕೌಂಟರ್ ಇರೋದು ನೆಲಮಾಳಿಗೆಯಲ್ಲಿ, ಸಿಗ್ನಲ್ ಸಿಕ್ಕರೆ ಪುಣ್ಯ. ಮಡಚಿದ ಫಾಯಿಲ್ ಮೇಲೆ ಟ್ಯೂಬ್‌ಲೈಟ್ ಹೊಳೆದರಂತೂ ಕ್ಯಾಮೆರಾ ಸುಮ್ನೆ ತಡಕಾಡುತ್ತೆ. "ನಾಲ್ಕೇ ಗುಳಗಿ ಕೊಡ್ರಿ" ಅಂದವರಿಗೆ ಸ್ಟ್ರಿಪ್ ಕತ್ತರಿಸಿ ಕೊಟ್ಟಾಗ ಕೋಡ್ ಒಂದು ಕಡೆ ಉಳಿಯುತ್ತೆ, ಗುಳಗಿ ಇನ್ನೊಂದು ಕಡೆ ಹೋಗುತ್ತೆ.

ಅದಕ್ಕಿಂತ ದೊಡ್ಡ ತೊಂದರೆ ಬೇರೆ. ಸ್ಟ್ರಿಪ್ಪನ್ನೇ ನಕಲು ಮಾಡುವವನಿಗೆ ಕೋಡ್ ನಕಲು ಮಾಡೋದು ಯಾವ ಲೆಕ್ಕ? ಯುರೋಪಿನ ಬಹಳಷ್ಟು ದೇಶಗಳಲ್ಲಿ 2019ರಿಂದ ವೈದ್ಯರ ಚೀಟಿ ಬೇಕಾದ ಬಹುಪಾಲು ಔಷಧಿಗಳ ಪ್ರತಿ ಬಾಕ್ಸಿಗೂ ಬೇರೆ ನಂಬರ್, ರೋಗಿಗೆ ಕೊಡುವಾಗ ಫಾರ್ಮಸಿಯವರು ಅದನ್ನು ರದ್ದು ಮಾಡ್ತಾರೆ, ಹಾಗಾಗಿ ಅದೇ ನಂಬರ್ ಇನ್ನೊಮ್ಮೆ ಬಂದರೆ ಸಿಕ್ಕಿಬೀಳುತ್ತೆ. ಇಲ್ಲಿ ನಾನು ನೋಡಿದ ಸ್ಟ್ರಿಪ್‌ಗಳಲ್ಲಿ ಇಡೀ ಬ್ಯಾಚಿಗೆ ಒಂದೇ ಕೋಡ್.

ರಾಮನ್ ಯಂತ್ರ ಲೇಬಲ್ ಕಡೆ ನೋಡೋದೇ ಇಲ್ಲ. ಲೇಸರ್ ಬಿಟ್ಟು ಗುಳಗಿಯಿಂದ ಚದುರಿ ಬರುವ ಬೆಳಕನ್ನು ಅಸಲಿ ಮಾದರಿಯ ಜೊತೆ ಹೋಲಿಸುತ್ತೆ. ಬಿಳಿ ಪ್ಯಾರಾಸಿಟಮಾಲ್ ಗುಳಗಿಯನ್ನು ಪಾರದರ್ಶಕ ಪ್ಲಾಸ್ಟಿಕ್ ಮೂಲಕವೇ ತಟ್ಟನೆ ಗುರುತಿಸಿತು, ಸ್ಟ್ರಿಪ್ ಹರಿಯಲೇ ಇಲ್ಲ! ಎರಡೂ ಕಡೆ ಅಲ್ಯೂಮಿನಿಯಂ ಇದ್ದರೆ ಮಾತ್ರ ಗುಳಗಿ ಹೊರಗೆ ತೆಗೆಯಲೇಬೇಕು. ಗಾಢ ಬಣ್ಣದ ಕೋಟಿಂಗ್ ಇದ್ದರೆ, ಲೇಸರ್ ಬಿದ್ದಾಗ ಆ ಬಣ್ಣವೇ ಸೂಸುವ ಬೆಳಕು ಸಿಗ್ನಲ್ಲನ್ನು ನುಂಗಿಹಾಕಬಹುದು. ಥೈರಾಯ್ಡ್ ಗುಳಗಿಯಲ್ಲಿ ಔಷಧಿ ಇರೋದು ಮೈಕ್ರೋಗ್ರಾಂ ಲೆಕ್ಕದಲ್ಲಿ, ಯಂತ್ರಕ್ಕೆ ಕಾಣೋದು ಬರೀ ಗುಳಗಿ ಕಟ್ಟೋಕೆ ಬೆರೆಸಿದ ಹಿಟ್ಟು. ಹೋಲಿಸೋಕೆ ಅದೇ ಬ್ರ್ಯಾಂಡಿನ ಅಸಲಿ ಮಾದರಿಯನ್ನು ಮೊದಲೇ ತುಂಬಿಟ್ಟಿರಬೇಕು, ಅದೇ ದೊಡ್ಡ ಕೆಲಸ. ಬೆಲೆಯೂ ಲಕ್ಷಗಳಲ್ಲಿ.

ನನ್ನನ್ನು ಕೇಳಿದರೆ, ನಮ್ಮಂಥ ಆಸ್ಪತ್ರೆಗೆ ಫೋನೇ ಸರಿ, ಆದರೆ ಕೌಂಟರಿನಲ್ಲಲ್ಲ, ಮಾಲು ಇಳಿಸಿಕೊಳ್ಳುವಾಗ. ಕೋಡ್, ಬಾಕ್ಸ್, ಬಿಲ್ ಮೂರರ ಬ್ಯಾಚ್ ನಂಬರ್ ತಾಳೆ ನೋಡಬೇಕು. ಒಮ್ಮೆ ಬಾಕ್ಸ್ ಮೇಲೊಂದು ಬ್ಯಾಚ್, ಒಳಗಿನ ಸ್ಟ್ರಿಪ್‌ಗಳ ಮೇಲೆ ಇನ್ನೊಂದು ಇತ್ತು. ಅಷ್ಟಕ್ಕೇ ನಕಲಿ ಅನ್ನೋಕಾಗಲ್ಲ, ಆದರೆ ಮಾಲು ಶೆಲ್ಫಿಗೆ ಹೋಗಲಿಲ್ಲ. ಯಂತ್ರವನ್ನು ಇಂಥ ಅನುಮಾನದ ಮಾಲಿಗೆ ಕಾಲೇಜಿನಿಂದ ತರಿಸಿಕೊಂಡರೆ ಸಾಕು. ಅದು ಅಸಲಿಗೆ ಹೊಂದಲ್ಲ ಅಂತ ಕೆಂಪು ತೋರಿಸಿದರೂ ಸ್ಟಾಕಿಸ್ಟಿಗೆ ವಾಪಸ್ ಕಳಿಸಬೇಡಿ, ಬೇರೆ ಇಟ್ಟು ಡ್ರಗ್ಸ್ ಇನ್ಸ್‌ಪೆಕ್ಟರ್‌ಗೆ ಫೋನ್ ಮಾಡಿ. ಕಾನೂನಿಗೆ ಬೇಕಾಗೋದು ಅವರು ತೆಗೆದ ಸ್ಯಾಂಪಲ್ ಮತ್ತು ಸರ್ಕಾರಿ ಲ್ಯಾಬಿನ ವರದಿ.