ಲೆದರ್ ಹವಳ ಕೊಳೆತಾಗ ಬಾಟಲಿಯೋ ಬ್ಲೇಡೋ: ಕಲಬುರಗಿಯ ನನ್ನ ಮೂರಡಿ ಟ್ಯಾಂಕಿನಲ್ಲಿ ಮಾಡಿ ನೋಡಿದ್ದು

ಮೊದಲೇ ಹೇಳಿಬಿಡುತ್ತೇನೆ. ಲೆದರ್ ಹವಳ, ಅಂದರೆ ತೊಗಲಿನಂಥ ಮೈಯ ಮೆತ್ತಗಿನ ಹವಳ, ಕೊಳೆಯಲು ಶುರುವಾದರೆ ಈಗ ನನ್ನ ಕೈ ಮೊದಲು ಹೋಗುವುದು ಸರ್ಜಿಕಲ್ ಬ್ಲೇಡಿಗೆ. ಹತ್ತು ರೂಪಾಯಿಯೊಳಗೆ ಸಿಗುವ ಬ್ಲೇಡು ಅದು. ಅದಕ್ಕೂ ಮೊದಲು ಎರಡೂವರೆ ಸಾವಿರದ ಬಾಟಲಿಯೊಂದನ್ನು ತರಿಸಿ, ಒಂದು ಹವಳ ಕಳೆದುಕೊಂಡಿದ್ದೇನೆ. ಎರಡು ಬೇಸಿಗೆಯಲ್ಲಿ ಏನೇನು ಮಾಡಿದೆ, ಯಾವುದು ಕೆಲಸ ಮಾಡಿತು ಅನ್ನುವುದನ್ನು ಬರೆಯುತ್ತಿದ್ದೇನೆ. ನಮ್ಮ ಕಡೆ ಉಪ್ಪುನೀರಿನ ಟ್ಯಾಂಕ್ ಇಟ್ಟವರು ಕಡಿಮೆ. ರಾತ್ರಿ ಹತ್ತಕ್ಕೆ ಹವಳ ಕರಗುತ್ತಿದ್ದರೆ ಓಡಿಹೋಗಿ ಕೇಳಲು ಊರಲ್ಲಿ ಅಂಗಡಿಯೂ ಇಲ್ಲ.

ನನ್ನ ಟ್ಯಾಂಕಿನಲ್ಲಿ ಮೆತ್ತಗಿನ ಹವಳಗಳು ಮಾತ್ರ ಇವೆ: ಲೆದರ್, ಮಶ್ರೂಮ್, ಗುಂಡಿಯಂಥ ಪುಟ್ಟ ಹೂಗಳಾಗಿ ಕಲ್ಲಿನ ಮೇಲೆ ಹಬ್ಬುವ ಜೋಆಂಥಿಡ್. ಕಲ್ಲಿನ ಹವಳ ಇಟ್ಟಿಲ್ಲ. ಅವು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿವೆ, ಹುಲಿ ಇರುವ ಪಟ್ಟಿಯಲ್ಲೇ. ಹಾಗಾಗಿ ಇಲ್ಲಿ ಬರೆದದ್ದೆಲ್ಲ ಲೆದರ್ ಹವಳದ ಅನುಭವ. ಕಲ್ಲಿನ ಹವಳದಲ್ಲಿ ಮಾಂಸ ಉದುರಿದರೆ ಕೆಳಗೆ ಬಿಳಿ ಅಸ್ಥಿ ಕಾಣುತ್ತದೆ. ಲೆದರ್‌ಗೆ ಆ ಅಸ್ಥಿಯೇ ಇಲ್ಲ. ಅದು ಕೊಳೆತ ಟೊಮೆಟೊ ಹಾಗೆ ಒಳಗೊಳಗೇ ಕುಸಿಯುತ್ತದೆ.

ಔಷಧಿಗೆ ಮೊದಲು ಇನ್ನೊಂದು ಮಾತು. ಲೆದರ್ ಮುದುಡಿದ ಕೂಡಲೇ ರೋಗ ಅಂದುಕೊಳ್ಳಬೇಡಿ. ಟೋಪಿಯಾಕಾರದ ಸಾರ್ಕೋಫೈಟಾನ್ ಆಗಾಗ ಮೈಮೇಲಿನ ಪೊರೆ ಕಳಚುತ್ತದೆ. ಕೆಲವು ದಿನ, ಕೆಲವೊಮ್ಮೆ ಎರಡು ವಾರ, ಪಾಲಿಪ್ (ಮೈಮೇಲಿನ ಸಣ್ಣ ಹೂವಿನಂಥ ಬಾಯಿ) ಒಂದೂ ಹೊರಬರುವುದಿಲ್ಲ. ಮೈ ಮೇಣ ಸವರಿದ ಹಾಗೆ ಹೊಳೆಯುತ್ತದೆ. ಆಮೇಲೆ ಆ ಪೊರೆ ಕಾಸಿ ಆರಿದ ಹಾಲಿನ ಕೆನೆಯ ಹಾಗೆ ಒಂದು ಅಂಚಿನಿಂದ ಏಳುತ್ತದೆ. ಪಂಪಿನ ಹರಿವು ಸ್ವಲ್ಪ ಅತ್ತ ತಿರುಗಿಸಿದರೆ ಸಾಕು, ತಾನಾಗಿ ಹೋಗುತ್ತದೆ. ಕೆಳಗಿನ ಚರ್ಮ ಗಟ್ಟಿಯಾಗಿ, ಇಡಿಯಾಗಿ ಇರುತ್ತದೆ.

ಕೊಳೆ ಹಾಗಲ್ಲ. ಮೊದಲು ಎಂಟಾಣೆ ನಾಣ್ಯದಷ್ಟು ಕಂದು ಮಚ್ಚೆ. ಸಿರಿಂಜಿನಿಂದ ನೀರು ಚಿಮ್ಮಿಸಿದರೆ ಅಲ್ಲಿಂದ ಎಳೆ ಎಳೆಯಾಗಿ ಲೋಳೆ ಎದ್ದು ಬರುತ್ತದೆ, ಹಿಂದೆ ಒಂದು ಗುಳಿ ಉಳಿಯುತ್ತದೆ. ಗ್ಲವ್ಸ್ ಹಾಕಿ ಒತ್ತಿ ನೋಡಿದರೆ ಸುತ್ತಲಿನ ಭಾಗ ರಬ್ಬರಿನ ಹಾಗೆ ಬಿಗಿ, ಮಚ್ಚೆ ಮಾತ್ರ ಗಿಜಿಗಿಜಿ. ಜೊತೆಗೆ ವಾಸನೆ. ನಮ್ಮ ಮನೆಯಲ್ಲಿ ಮೊದಲು ಗುರುತಿಸಿದ್ದು ಅವ್ವ. "ಹಾಲ್‌ನ್ಯಾಗ ಏನೋ ನಾರ್ಲತ್ತದ ನೋಡೋ, ಇಲಿ ಸತ್ತದೇನು?" ಅಂದಳು. ಟ್ಯಾಂಕಿನ ಮುಚ್ಚಳ ತೆಗೆದಾಗ ನನಗೂ ಗೊತ್ತಾಯಿತು.

ಅದು ಹೋದ ವರ್ಷದ ಹಿಂದಿನ ಮೇ ತಿಂಗಳು. ಬೆರಳಿನಾಕಾರದ ಲೆದರ್, ಸಿನುಲೇರಿಯಾ, ಬುಡದಲ್ಲಿ ಕೊಳೆತಿತ್ತು. ಗಾಬರಿಯಲ್ಲಿ ಆನ್‌ಲೈನ್‌ನಲ್ಲಿ ಹೊರದೇಶದ ಡಿಪ್ ಬಾಟಲಿ, ಅಂದರೆ ಹವಳ ಅದ್ದಿ ತೆಗೆಯುವ ಔಷಧಿ, ತರಿಸಿದೆ. ಬರುವುದಕ್ಕೆ ಒಂಬತ್ತು ದಿನ. ಬಿಚ್ಚಿದರೆ ಗಮ್ಮನೆ ಗಿಡದೆಣ್ಣೆಯ ವಾಸನೆ. ಲೇಬಲ್ ಪೂರ್ತಿ ಓದಿದಾಗ ತಿಳಿಯಿತು, ಅದು ಚಪ್ಪಟೆ ಹುಳು, ನ್ಯೂಡಿಬ್ರಾಂಕ್ (ಚಿಪ್ಪಿಲ್ಲದ ಕಡಲ ಬಸವನಹುಳು) ಥರದ ಕೀಟ ಉದುರಿಸಲು ಮಾಡಿದ್ದು. ನನ್ನ ಹವಳದಲ್ಲಿ ಕೀಟ ಒಂದೂ ಇರಲಿಲ್ಲ. ಹೊಸ ಹವಳ ತಂದಾಗ ಟ್ಯಾಂಕಿಗೆ ಬಿಡುವ ಮೊದಲು ಅದ್ದಲು ಈಗಲೂ ಅದನ್ನೇ ಬಳಸುತ್ತೇನೆ, ಆ ಕೆಲಸಕ್ಕೆ ಚೆನ್ನಾಗಿದೆ. ಕೊಳೆಗೆ ಮಾತ್ರ ಉಪಯೋಗವಿಲ್ಲ.

ಆಮೇಲೆ ಅಯೋಡಿನ್. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ಯಾಕೆಂದರೆ ನನ್ನ ಹವಳ ಸತ್ತದ್ದು ಇಲ್ಲೇ.

ಗಾಯಕ್ಕೆ ಹಚ್ಚುವ ಅಯೋಡಿನ್‌ನಲ್ಲಿ ಹವಳ ಅದ್ದಿ ತೆಗೆಯುವುದು ಹಳೆಯ ಪದ್ಧತಿ. ಲ್ಯೂಗಾಲ್ ಅಯೋಡಿನ್ ಎಲ್ಲಕ್ಕಿಂತ ಒಳ್ಳೆಯದು, ಅದರಲ್ಲಿ ಅಯೋಡಿನ್, ಪೊಟ್ಯಾಶಿಯಂ ಅಯೋಡೈಡ್, ನೀರು ಬಿಟ್ಟು ಬೇರೇನೂ ಇರುವುದಿಲ್ಲ. ಸೂಪರ್ ಮಾರ್ಕೆಟ್ ಸುತ್ತಮುತ್ತ ನಾಲ್ಕು ಮೆಡಿಕಲ್ ಶಾಪ್ ಕೇಳಿದೆ, ಎಲ್ಲೂ ಇರಲಿಲ್ಲ. ಕೊನೆಯ ಅಂಗಡಿಯಲ್ಲಿ ಪೊವಿಡೋನ್ ಅಯೋಡಿನ್ ಕೊಡಿ ಅಂದೆ. "ಇದೇ ರೀ ಸರ, ಡಾಕ್ಟ್ರೂ ಇದನ್ನೇ ಒಯ್ತಾರ" ಅಂತ ಕಂದು ದ್ರವದ ಬಾಟಲಿ ಕೊಟ್ಟರು. ಬಣ್ಣ ಸರಿ, ಹೆಸರು ಸರಿ. ಮನೆಗೆ ತಂದೆ.

ಬಾಟಲಿ ಮೇಲೆ ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿ ಇದ್ದದ್ದು 7.5% ಸರ್ಜಿಕಲ್ ಸ್ಕ್ರಬ್. ಅಂದರೆ ಆಪರೇಷನ್ನಿಗೆ ಮೊದಲು ಡಾಕ್ಟರುಗಳು ಕೈ ತೊಳೆಯುವುದು. ಅದರಲ್ಲಿ ಅಯೋಡಿನ್ ಜೊತೆ ಸೋಪಿನಂಥ ಡಿಟರ್ಜೆಂಟ್ ಸೇರಿರುತ್ತದೆ. ನನಗೆ ಬೇಕಿದ್ದದ್ದು ಸೊಲ್ಯೂಷನ್. ಅದು 5% ಮತ್ತು 10% ಅಂತ ಬರುತ್ತದೆ. ಎರಡರ ಬಾಟಲಿಯೂ ದೂರದಿಂದ ಒಂದೇ ಥರ.

ಡಬ್ಬಿಯಲ್ಲಿ ಟ್ಯಾಂಕಿನ ನೀರು ತೆಗೆದು, ತಿಳಿ ಚಹಾದ ಬಣ್ಣ ಬರುವವರೆಗೆ ಹಾಕಿದೆ. ಕಲಕಿದಾಗ ಮೇಲೆ ನೊರೆ ಬಂತು. ಉಪ್ಪುನೀರು ಕಲಕಿದರೆ ಸ್ವಲ್ಪ ನೊರೆ ಬರುವುದು ಇದ್ದದ್ದೇ ಅಲ್ವಾ, ಅಂದುಕೊಂಡೆ. ಹವಳ ಇಟ್ಟು, ಸೂಜಿ ತೆಗೆದ 20 ಎಂಎಲ್ ಸಿರಿಂಜಿನಿಂದ ನೀರು ಚಿಮ್ಮಿಸಿದಷ್ಟೂ ನೊರೆ ಏರಿತು. ಹವಳ ಮುಷ್ಟಿಯಷ್ಟು ಚಿಕ್ಕದಾಗಿ ಲೋಳೆ ಸುರಿಸಿತು. ಹತ್ತು ನಿಮಿಷ ಆದ ಮೇಲೆ ಒಂದೇ ಸಲ ತೊಳೆದು ಟ್ಯಾಂಕಿಗೆ ಬಿಟ್ಟೆ.

ಆ ರಾತ್ರಿ ಪ್ರೋಟೀನ್ ಸ್ಕಿಮ್ಮರ್, ಅಂದರೆ ನೀರಿನ ಕಸವನ್ನು ನೊರೆ ಮಾಡಿ ಕಪ್ಪಿಗೆ ತೆಗೆಯುವ ಯಂತ್ರ, ಹುಚ್ಚೆದ್ದಿತು. ಹವಳದ ಮೈಗೆ ಅಂಟಿ ಬಂದ ಒಂದಿಷ್ಟು ಡಿಟರ್ಜೆಂಟೇ ಸಾಕಾಗಿತ್ತು. ಕಪ್ ತುಂಬಿ ಉಕ್ಕಿ, ಬೆಳಗ್ಗೆ ಏಳುವಷ್ಟರಲ್ಲಿ ನಡುಮನೆಯ ಶಹಾಬಾದ್ ಕಲ್ಲಿನ ಮೇಲೆಲ್ಲ ಉಪ್ಪುನೀರು. ಹೊರಹೋದದ್ದು ಉಪ್ಪುನೀರು, ಕಡಿಮೆಯಾದ ಮಟ್ಟ ತುಂಬಲು ಆಟೋ ಟಾಪ್ ಅಪ್ ಯಂತ್ರ ಹಾಕಿದ್ದು ಉಪ್ಪಿಲ್ಲದ ಆರ್‌ಓ ನೀರು. 1.025 ಇದ್ದ ಉಪ್ಪಿನ ಸಾಂದ್ರತೆ 1.021ಕ್ಕೆ ಇಳಿದಿತ್ತು. ಮೊದಲೇ ಸೋತ ಹವಳಕ್ಕೆ ಅದು ಎರಡನೇ ಪೆಟ್ಟು. ಐದು ದಿನ ಸ್ಕಿಮ್ಮರ್ ಬಂದ್ ಇಟ್ಟು, ನೀರಿನ ವಿಷ ಹೀರುವ ಹೊಸ ಕಾರ್ಬನ್ ಹಾಕಿ, ಎರಡು ಸಲ ನೀರು ಬದಲಿಸಿದೆ. ಮೂರನೇ ದಿನಕ್ಕೇ ಸಿನುಲೇರಿಯಾ ಪೂರ್ತಿ ಕುಸಿದಿತ್ತು. ಹೈದರಾಬಾದಿನಿಂದ ಥರ್ಮೋಕೋಲ್ ಡಬ್ಬಿಯಲ್ಲಿ, ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ತಂದ ಹವಳ ಅದು. ಎಸೆಯುವಾಗ ಬಹಳ ಸಂಕಟವಾಯಿತು.

ಆದ್ದರಿಂದ ಅಂಗಡಿಯಲ್ಲಿ ನಿಂತಲ್ಲೇ "ಸೊಲ್ಯೂಷನ್" ಅನ್ನುವ ಪದ ಓದಿ ತನ್ನಿ. ಅನುಮಾನ ಇದ್ದರೆ ಒಂದು ಗ್ಲಾಸ್ ನೀರಿಗೆ ನಾಲ್ಕು ಹನಿ ಹಾಕಿ ಅಲ್ಲಾಡಿಸಿ. ಸೋಪಿನ ಹಾಗೆ ನೊರೆ ಎದ್ದು ಹಾಗೇ ನಿಂತರೆ ಹವಳದ ಹತ್ತಿರ ಒಯ್ಯಬೇಡಿ. ಅದ್ದಿದ ಮೇಲೆ ಬೇರೆ ಎರಡು ಡಬ್ಬಿಯಲ್ಲಿ ಟ್ಯಾಂಕಿನ ನೀರಿಟ್ಟು ಎರಡು ಸಲ ತೊಳೆಯಿರಿ. ಅದ್ದಿದ ನೀರನ್ನು ಟ್ಯಾಂಕಿಗೆ ಸುರಿಯಲೇಬಾರದು.

ಹೋದ ಮೇ ತಿಂಗಳಲ್ಲಿ ಟೋಪಿ ಲೆದರ್‌ಗೆ ಕೊಳೆ ಬಂದಾಗ ಸರಿಯಾದ ಸೊಲ್ಯೂಷನ್ ಇತ್ತು. ಸಣ್ಣ ರೊಟ್ಟಿಯಷ್ಟು ಅಗಲದ ಹವಳ, ಅಂಚಿನಲ್ಲಿ ಮಚ್ಚೆ. ಎರಡು ದಿನಕ್ಕೊಮ್ಮೆ, ಐದೈದು ನಿಮಿಷ, ಮೂರು ಸಲ ಅದ್ದಿದೆ. ಪ್ರತಿ ಸಲ ಮರುದಿನ ಮಚ್ಚೆಯ ಅಂಚು ಶುಭ್ರವಾಗಿ ಕಾಣುತ್ತಿತ್ತು, ಅದರ ಮರುದಿನ ಮತ್ತೆ ಲೋಳೆ. ಕೊಳೆ ನಿಧಾನವಾಯಿತು, ನಿಲ್ಲಲಿಲ್ಲ. ಮೇಲ್ಮೈಯ ಬ್ಯಾಕ್ಟೀರಿಯಾವನ್ನು ಅಯೋಡಿನ್ ಕೊಲ್ಲುತ್ತದೆ, ಒಳಗಿನ ದಪ್ಪ ಮಾಂಸಕ್ಕೆ ಮುಟ್ಟುವುದಿಲ್ಲ ಅನ್ನುವುದು ನಾನು ಕಂಡುಕೊಂಡದ್ದು.

ಹೈಡ್ರೋಜನ್ ಪೆರಾಕ್ಸೈಡ್ ಬಗ್ಗೆ ಒಂದೇ ಎಚ್ಚರಿಕೆ. ಹೊರದೇಶದವರು ಬರೆಯುವ ಅಳತೆ 3% ಬಾಟಲಿಗೆ. ನಮ್ಮ ಮೆಡಿಕಲ್ ಶಾಪಿನಲ್ಲಿ ಸಾಮಾನ್ಯವಾಗಿ ಸಿಗುವುದು 6%, ಅದರ ಎರಡು ಪಟ್ಟು. ಜೋಆಂಥಿಡ್ ಕಲ್ಲಿನ ಮೇಲಿನ ಪಾಚಿಗೆ ಬಳಸಿದ್ದೇನೆ, ಪಾಚಿ ಹೋಯಿತು. ಲೆದರ್ ಕೊಳೆಗೆ ನಾನು ಬಳಸುವುದಿಲ್ಲ.

ಆ್ಯಂಟಿಬಯೋಟಿಕ್ ಹಾಕಲೇ ಇಲ್ಲ. 2014ರಲ್ಲಿ ಫ್ಲಾರಿಡಾದ ಮಯಾಮಿ ಹತ್ತಿರ ಕಾಣಿಸಿಕೊಂಡ ಕಲ್ಲಿನ ಹವಳದ ಮಾಂಸ ಉದುರುವ ರೋಗಕ್ಕೆ ಅಲ್ಲಿನವರು ಸಮುದ್ರದಲ್ಲಿ ಮುಳುಗಿ, ಗಾಯದ ಮೇಲೆ ಕೈಯಾರೆ ಅಮಾಕ್ಸಿಸಿಲಿನ್ ಪೇಸ್ಟ್ ಹಚ್ಚಿದ್ದಾರೆ. ಆ ಗಾಯ ನಿಂತರೂ ಅದೇ ಹವಳದಲ್ಲಿ ಬೇರೆ ಕಡೆ ಹೊಸ ಗಾಯ ಏಳಬಹುದು. ತಿಳಿದವರು ಅಷ್ಟು ಜೋಪಾನವಾಗಿ ಗಾಯಕ್ಕಷ್ಟೇ ಹಚ್ಚುವ ಔಷಧಿಯನ್ನು ನಾನು ಮನೆಯಲ್ಲಿ ಸುಮ್ನೆ ನೀರಿಗೆ ಕಲಸಿ, ಟ್ಯಾಂಕಿನ ಒಳ್ಳೆಯ ಬ್ಯಾಕ್ಟೀರಿಯಾವನ್ನೂ ಕೊಲ್ಲುವುದು ಬೇಡ.

ಮೂರನೇ ಡಿಪ್ ಆದ ಮೇಲೆ ಬೀದರ್‌ನ ಗೆಳೆಯನಿಗೆ ಫೋನ್ ಮಾಡಿದೆ. ನನಗಿಂತ ಚಿಕ್ಕವನು, ಆದರೆ ಹವಳ ಕತ್ತರಿಸಿ ಬೆಳೆಸುವುದರಲ್ಲಿ ಕೈ ಪಳಗಿದೆ. "ಕೊಯ್ದು ಬಿಡ್ರಿ ಅಣ್ಣಾ, ಅಂಜಬ್ಯಾಡ್ರಿ. ಕೊಳೆತಿದ್ದು ಅಷ್ಟೇ ಕೊಯ್ದ್ರ ಆಗಂಗಿಲ್ಲ, ಚೊಲೋದ್ರಾಗ ಒಂದ್ ಬೆರಳು ಒಳಗ ಹೋಗ್ರಿ" ಅಂದ. ನನಗೆ ಗುಟ್ಟು ಸಿಕ್ಕಿದ್ದು ಆ ಒಂದು ಬೆರಳಿನಲ್ಲಿ.

ಭಾನುವಾರ ಬೆಳಗ್ಗೆ ಹವಳವನ್ನು ಹೊರಗೆ ತೆಗೆದು ಟ್ರೇಯಲ್ಲಿಟ್ಟೆ. ಟ್ಯಾಂಕಿನೊಳಗೆ ಕತ್ತರಿಸಬಾರದು, ಲೆದರ್ ಗಾಯವಾದಾಗ ವಿಷ ಬಿಡುತ್ತದೆ, ಉಳಿದ ಹವಳಕ್ಕೆ ತೊಂದರೆ. ಗ್ಲವ್ಸ್, ಕನ್ನಡಕ ಎರಡೂ ಹಾಕಿದ್ದೆ. ಮಚ್ಚೆಯಿಂದ ಒಂದು ಬೆರಳು ಒಳಗೆ, ಒಂದೇ ಎಳೆತದಲ್ಲಿ ಬ್ಲೇಡ್ ಎಳೆದೆ. ಎಳನೀರಿನ ಒಳಗಿನ ಗಂಜಿ ಕೊಯ್ದ ಹಾಗೆ ಇತ್ತು. ಕೊಯ್ದ ಜಾಗ ನೋಡಿದೆ: ಒಳಗೆಲ್ಲ ಒಂದೇ ತಿಳಿ ಬಣ್ಣ, ಒಂದು ಕಡೆ ಮಾತ್ರ ಕಂದು ಗೆರೆ. ಆ ಗೆರೆ ಇರುವಷ್ಟೂ ಮತ್ತೆ ತೆಗೆದೆ. ಒಳಗೆ ಗೆರೆ ಉಳಿದರೆ ಕೊಳೆ ಮತ್ತೆ ಬರುತ್ತದೆ. ಕೊನೆಗೆ ಒಂದೇ ಸಲ ಅಯೋಡಿನ್ ಅದ್ದು, ಎರಡು ತೊಳೆತ, ಟ್ಯಾಂಕಿಗೆ ವಾಪಸ್, ಹೊಸ ಕಾರ್ಬನ್.

ಕೊಯ್ದು ಉಳಿದ ಚೊಲೋ ತುಂಡುಗಳನ್ನು ಕಲ್ಲಿಗೆ ಅಂಟಿಸುವುದು ಸ್ವಲ್ಪ ಕಿರಿಕಿರಿ. ಲೋಳೆ ಇರುವುದರಿಂದ ಸೂಪರ್ ಗ್ಲೂ ಹಿಡಿಯುವುದಿಲ್ಲ. ಸಣ್ಣ ಕಲ್ಲಿನ ಮೇಲಿಟ್ಟು, ಸೊಳ್ಳೆ ಪರದೆಯ ತುಂಡು ಮುಚ್ಚಿ, ರಬ್ಬರ್ ಬ್ಯಾಂಡ್ ಸಡಿಲವಾಗಿ ಹಾಕಿದೆ. ಹನ್ನೆರಡು ದಿನಕ್ಕೆ ತಾವೇ ಹಿಡಿದುಕೊಂಡವು.

ಜೋಆಂಥಿಡ್‌ಗೆ ಈ ಧೈರ್ಯ ಮಾಡಬೇಡಿ. ಅದರ ಬಂಧುಗಳಲ್ಲಿ ಪಾಲಿಟಾಕ್ಸಿನ್ ಅನ್ನುವ ಭಯಂಕರ ವಿಷ ಇದೆ, 1971ರಲ್ಲಿ ಹವಾಯಿಯ ಹವಳದಿಂದ ಬೇರ್ಪಡಿಸಿದ್ದು. ಅವುಗಳ ಕಲ್ಲನ್ನು ಕುದಿಸುವುದು, ಬಿಸಿನೀರು ಹಾಕಿ ಉಜ್ಜುವುದು ಮನೆಮಂದಿಯ ಜೀವಕ್ಕೇ ಅಪಾಯ. ಅವಕ್ಕೆ ಗ್ಲವ್ಸ್ ಹಾಕಿಕೊಂಡು ಅಯೋಡಿನ್ ಅದ್ದುವುದೇ ಸರಿ.

ಎರಡು ಸಲವೂ ಕೊಳೆ ಬಂದದ್ದು ಮೇ ತಿಂಗಳಲ್ಲೇ ಯಾಕೆ ಅಂತ ಡೈರಿ ತೆಗೆದು ನೋಡಿದೆ. ಹೊರಗೆ 43 ಡಿಗ್ರಿ, ಮಧ್ಯಾಹ್ನ ಕರೆಂಟ್ ಹೋದಾಗ ಟ್ಯಾಂಕ್ 31ಕ್ಕೆ ಏರಿತ್ತು, ಪಂಪ್ ನಿಂತಿತ್ತು. ಟೋಪಿಯ ಮಡಿಕೆಯಲ್ಲಿ ಕಸ ಕೂತ ಜಾಗದಲ್ಲೇ ಮಚ್ಚೆ ಶುರುವಾಗಿತ್ತು. ನಮ್ಮ ಗಾಳಿ ಒಣಗಿದ್ದು, ಆದ್ದರಿಂದ ನೀರಿನ ಮೇಲೆ ಸಣ್ಣ ಫ್ಯಾನ್ ಬಿಟ್ಟರೆ ಎರಡು ಮೂರು ಡಿಗ್ರಿ ಆರಾಮಾಗಿ ಇಳಿಯುತ್ತದೆ. ಕರಾವಳಿಯ ತೇವದ ಗಾಳಿಯಲ್ಲಿ ಇಷ್ಟು ಇಳಿಯುವುದಿಲ್ಲ. ಆದರೆ ಫ್ಯಾನ್ ಬಿಟ್ಟರೆ ನಮ್ಮಲ್ಲಿ ದಿನಕ್ಕೆ ಮೂರು ನಾಲ್ಕು ಲೀಟರ್ ನೀರು ಆವಿಯಾಗುತ್ತದೆ, ಆರ್‌ಓ ನೀರು ತುಂಬುತ್ತಲೇ ಇರಬೇಕು. ಈಗ ಫ್ಯಾನು, ಒಂದು ಪಂಪು ಇನ್ವರ್ಟರ್ ಮೇಲಿವೆ. ವಾರಕ್ಕೊಮ್ಮೆ ಸಿರಿಂಜಿನಿಂದ ಮಡಿಕೆಯ ಕಸ ಊದುತ್ತೇನೆ.

ನಾನು ಬೆಳಗ್ಗೆ ಎಂಟಕ್ಕೆ ಡ್ಯೂಟಿಗೆ ಹೋದರೆ ಬರುವುದು ಏಳಕ್ಕೆ. ಎರಡು ದಿನಕ್ಕೊಮ್ಮೆ ಅದ್ದಿ ಕಾಯುವುದು ನನ್ನಿಂದ ಆಗುವುದಿಲ್ಲ, ಬ್ಲೇಡಿನದು ಒಂದು ಭಾನುವಾರದ ಕೆಲಸ. ಮನೆಯಲ್ಲೇ ಇರುವವರು, ಹವಳ ಕೊಯ್ಯಲು ಚಿಕ್ಕದು ಅನ್ನುವವರು ಅಯೋಡಿನ್‌ನಿಂದಲೇ ಶುರು ಮಾಡಬಹುದು. ಆದರೆ ಎರಡು ಡಿಪ್ ಆದರೂ ಮಚ್ಚೆ ಬೆಳೆಯುತ್ತಿದ್ದರೆ ಮೂರನೆಯದಕ್ಕೆ ಕಾಯಬೇಡಿ. ನಾನು ಕಾದ ಆ ಎರಡು ದಿನದಲ್ಲಿ ಇನ್ನೂ ಎರಡು ಬೆರಳಿನಷ್ಟು ಹೋಯಿತು.

ಟೋಪಿ ಲೆದರ್ ಕೊಯ್ದ ಅಂಚು ಒಂದು ತಿಂಗಳಲ್ಲಿ ಗುಂಡಗಾಗಿ ಮುಚ್ಚಿಕೊಂಡಿತು. ಈಗ ಅಲ್ಲಿ ಸಣ್ಣ ಸಣ್ಣ ಪಾಲಿಪ್ ಎದ್ದಿವೆ, ಬಣ್ಣ ಉಳಿದದ್ದಕ್ಕಿಂತ ಸ್ವಲ್ಪ ತಿಳಿ. ಮೂರು ತುಂಡಿನಲ್ಲಿ ದೊಡ್ಡದು ಬೀದರ್‌ನ ಗೆಳೆಯನ ಟ್ಯಾಂಕಿನಲ್ಲಿದೆ.